ಎ320 ಟೈಪ್ ರೇಟಿಂಗ್ ಕೋರ್ಸ್: ಸರಕು ಒಳ್ಳೆಯದೇ, ಆದರೆ ಕೊಳ್ಳುವ ಹೊತ್ತು ಯಾವುದು?

ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಕೈಗೆ ಬಂದ ವಾರದಲ್ಲೇ ಫೋನು ಬರಲು ಶುರುವಾಗುತ್ತದೆ: "ಎ320 ಬ್ಯಾಚ್ ಮುಂದಿನ ತಿಂಗಳು, ಎರಡೇ ಸೀಟು ಉಳಿದಿವೆ, ಅಡ್ವಾನ್ಸ್ ಹಾಕಿಬಿಡಿ." ಜಕ್ಕೂರಿನಲ್ಲೋ, ಬೆಳಗಾವಿ, ಕಲಬುರಗಿಯಲ್ಲೋ, ದೂರದ ಗೊಂದಿಯಾ, ಫುರ್ಸತ್‌ಗಂಜಿನಲ್ಲೋ 200 ಗಂಟೆ ಹಾರಾಟ ಮುಗಿಸುವ ಹೊತ್ತಿಗೆ ಅರ್ಧ ಕೋಟಿಯ ಆಸುಪಾಸು ಖರ್ಚಾಗಿರುತ್ತದೆ. ಅದರ ಮೇಲೆ ಟೈಪ್ ರೇಟಿಂಗ್‌ಗೆ, ಅಂದರೆ ಏರ್‌ಬಸ್ ಎ320 ಎಂಬ ಒಂದು ಬಗೆಯ ವಿಮಾನ ಹಾರಿಸುವ ಅರ್ಹತೆಗೆ, ಇನ್ನೊಂದು 15ರಿಂದ 20 ಲಕ್ಷ. ಸೈಟು ಮಾರಿದ ಮನೆಯವರು ಈಗ ಊರಿನ ಜಮೀನಿನ ಕಡೆ ನೋಡುತ್ತಾರೆ. ಏರ್‌ಲೈನ್ ಆಫರ್ ಇಲ್ಲದೆ, ಸ್ವಂತ ದುಡ್ಡಿನಲ್ಲಿ ಕೊಳ್ಳುವ ಈ ಕೋರ್ಸ್ ಅಷ್ಟು ಬೆಲೆ ಬಾಳುತ್ತದೆಯೇ ಎಂಬುದನ್ನಷ್ಟೇ ಇಲ್ಲಿ ತೂಗಿದ್ದೇವೆ. ಇದು ಒಂದು ನಿರ್ದಿಷ್ಟ ಕೇಂದ್ರದ ವಿಮರ್ಶೆಯಲ್ಲ. ಬೆಂಗಳೂರಾಗಲಿ, ಗುರುಗ್ರಾಮ, ಗ್ರೇಟರ್ ನೋಯ್ಡಾ ಆಗಲಿ, ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಒಪ್ಪಿದ ಪಠ್ಯಕ್ರಮದ ಚೌಕಟ್ಟು ಹೆಚ್ಚುಕಡಿಮೆ ಒಂದೇ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕೋರ್ಸ್ ಚೆನ್ನಾಗಿದೆ, ಬೇಕಾದದ್ದೂ ಹೌದು. ಆದರೆ ಇದು ಮೂಟೆ ಕಟ್ಟಿ ಅಟ್ಟದ ಮೇಲಿಡುವ ಅಕ್ಕಿಯಲ್ಲ, ಹಾಲು. ಕೊಂಡ ದಿನದಿಂದಲೇ ಕೆಡಲು ಶುರುವಾಗುತ್ತದೆ. ಕುಡಿಯುವವರು ಮನೆಯಲ್ಲಿ ಇದ್ದಾರೆಂದು ಖಾತ್ರಿಯಾದ ಮೇಲೆಯೇ ತರಬೇಕು.

ದುಡ್ಡಿಗೆ ಸಿಗುವುದೇನು? ಮೊದಲ ಎರಡು ಮೂರು ವಾರ ಗ್ರೌಂಡ್ ಸ್ಕೂಲ್: ಹೈಡ್ರಾಲಿಕ್ಸ್‌ನ ಹಸಿರು, ನೀಲಿ, ಹಳದಿ ಎಂಬ ಮೂರು ಸಿಸ್ಟಮ್‌ಗಳು, ವಿದ್ಯುತ್ ವ್ಯವಸ್ಥೆ, ಪೈಲಟ್‌ನ ಆಜ್ಞೆಯನ್ನು ಕಂಪ್ಯೂಟರ್ ಮೂಲಕ ಒಯ್ಯುವ ಫ್ಲೈ-ಬೈ-ವೈರ್‌ನ ನಾರ್ಮಲ್, ಆಲ್ಟರ್ನೇಟ್, ಡೈರೆಕ್ಟ್ ಎಂಬ ಮೂರು ಲಾಗಳು (ನಿಯಂತ್ರಣದ ಹಂತಗಳು). ಹೆಚ್ಚಿನ ಭಾಗ ಕಂಪ್ಯೂಟರ್ ಮುಂದೆ ಒಬ್ಬರೇ ಕೂತು ಓದುವುದು. ಕೊಟ್ಟ ದುಡ್ಡಿಗೆ ಅತಿ ಕಡಿಮೆ ಸಿಗುವುದು ಇಲ್ಲೇ, ಏಕೆಂದರೆ ಇಷ್ಟನ್ನೂ ಮನೆಯಲ್ಲೇ ಓದಿಕೊಂಡು ಬರಬಹುದು, ಬರಲೇಬೇಕು. ಗ್ರೌಂಡ್ ಸ್ಕೂಲಿನಲ್ಲಿ ಮೊದಲ ಸಲ ಎಫ್‌ಸಿಒಎಂ (ವಿಮಾನ ನಡೆಸುವ ಕೈಪಿಡಿ) ತೆರೆಯುವ ವಿದ್ಯಾರ್ಥಿ ಸಿಮ್ (ಸಿಮ್ಯುಲೇಟರ್) ಸೆಷನ್ನುಗಳಲ್ಲಿ ಹಾರುವುದನ್ನು ಕಲಿಯುವ ಬದಲು ಸ್ವಿಚ್ ಹುಡುಕುತ್ತ ಕೂರುತ್ತಾನೆ. ಸಿಮ್‌ನ ಪ್ರತಿ ಗಂಟೆಗೂ ಸಾವಿರಾರು ರೂಪಾಯಿ ಬೆಲೆ.

ಆಮೇಲೆ ಅಲುಗಾಡದ ಟ್ರೈನರ್‌ನಲ್ಲಿ ಪ್ರೊಸೀಜರ್ ಅಭ್ಯಾಸ. ಕಾಕ್‌ಪಿಟ್ ಫ್ಲೋ (ಸ್ವಿಚ್‌ಗಳನ್ನು ನೋಡಿಕೊಳ್ಳುವ ಕ್ರಮ), ಎಂಸಿಡಿಯು (ಹಾರಾಟದ ವಿವರ ತುಂಬುವ ಕಂಪ್ಯೂಟರ್ ಫಲಕ) ತುಂಬುವುದು, ಇಕ್ಯಾಮ್ (ದೋಷ, ಎಚ್ಚರಿಕೆ ತೋರಿಸುವ ಪರದೆ) ಓದುವುದು. ಎಂಸಿಡಿಯು ತುಂಬುವ ಕ್ರಮಕ್ಕೆ ಎಲ್ಲರೂ ಹೇಳುವ ನೆನಪಿನ ಗುಟ್ಟು ಒಂದಿದೆ, 'ಡಿಫ್ಸ್ರಿಪ್': ಡೇಟಾ, ಇನಿಟ್, ಫ್ಲೈಟ್ ಪ್ಲಾನ್, ಸೆಕೆಂಡರಿ, ರ‍್ಯಾಡ್ ನ್ಯಾವ್, ಇನಿಟ್ ಬಿ, ಪರ್ಫ್. ಮನೆಯಲ್ಲಿ ಗೋಡೆಗೆ ಕಾಕ್‌ಪಿಟ್ ಪೋಸ್ಟರ್ ಅಂಟಿಸಿ, ಕುರ್ಚಿ ಹಾಕಿಕೊಂಡು ಕೈ ತೋರಿಸುತ್ತ ಫ್ಲೋ ಬಾಯಿಪಾಠ ಮಾಡುವುದಕ್ಕಿಂತ ಅಗ್ಗದ, ಅದಕ್ಕಿಂತ ಫಲ ಕೊಡುವ ತಯಾರಿ ಬೇರೆ ಇಲ್ಲ.

ದುಡ್ಡು ಸಾರ್ಥಕವಾಗುವುದು ಫುಲ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ. ಒಂದು ಸೆಷನ್ ಎಂದರೆ 4 ಗಂಟೆ: ಎರಡು ಗಂಟೆ ನೀವು ಹಾರಿಸುತ್ತೀರಿ, ಎರಡು ಗಂಟೆ ಪಕ್ಕದವರು ಹಾರಿಸುವಾಗ ನೀವು ಮಾನಿಟರಿಂಗ್. ಮುಂಚೆ ಒಂದು ಗಂಟೆಯಾದರೂ ಬ್ರೀಫಿಂಗ್, ಆಮೇಲೆ ಡಿಬ್ರೀಫಿಂಗ್. ಟನ್ನಿಗೆ ಸ್ವಲ್ಪವೇ ಹೆಚ್ಚು ತೂಗುವ ಸೆಸ್ನಾ 172ರಲ್ಲಿ 65 ನಾಟ್ ವೇಗದಲ್ಲಿ ಇಳಿದು ಅಭ್ಯಾಸವಿರುವ ಕೈಗೆ ಇಲ್ಲಿ 135 ನಾಟ್ ಆಸುಪಾಸಿನ ಅಪ್ರೋಚ್. 3 ಡಿಗ್ರಿ ಇಳಿಜಾರಿನಲ್ಲಿ ನಿಮಿಷಕ್ಕೆ ಸುಮಾರು 700 ಅಡಿ ಕೆಳಗೆ ಬರುತ್ತಿರುತ್ತೀರಿ. ಯೋಚನೆ ವಿಮಾನಕ್ಕಿಂತ ಹಿಂದೆ ಬಿದ್ದರೆ ಮತ್ತೆ ಹಿಡಿಯುವುದು ಕಷ್ಟ.

ಹೊಸಬರಿಗೆ ಅತಿ ಕಷ್ಟವಾಗುವ ಪಾಠ ಟೇಕಾಫ್‌ನಲ್ಲಿ ಎಂಜಿನ್ ಹೋಗುವುದು. ವಿ1 (ಟೇಕಾಫ್ ಕೈಬಿಡಬಹುದಾದ ಕೊನೆಯ ವೇಗ) ದಾಟಿದ ಕ್ಷಣದಲ್ಲಿ ಇನ್‌ಸ್ಟ್ರಕ್ಟರ್ ಒಂದು ಎಂಜಿನ್ ಆರಿಸುತ್ತಾರೆ. ಮೂಗು ಸತ್ತ ಎಂಜಿನ್ನಿನ ಕಡೆಗೆ ಎಳೆಯುತ್ತದೆ. ಆಗ ಕೆಲಸ ಮಾಡಬೇಕಾದ್ದು ಕೈಯಲ್ಲ, ಕಾಲು. ರಡ್ಡರ್ ಒತ್ತಿ ಸೆಂಟರ್‌ಲೈನ್ ಹಿಡಿದಿಟ್ಟುಕೊಂಡು, 'ರೊಟೇಟ್' ಎಂದಾಗ ಮೂಗನ್ನು ನಿಧಾನವಾಗಿ 12.5 ಡಿಗ್ರಿಗೆ ಎತ್ತಬೇಕು. ಎರಡೂ ಎಂಜಿನ್ ಓಡುತ್ತಿದ್ದರೆ ಅದು 15. ನೆಲ ಬಿಟ್ಟ ಮೇಲೆ ಪರದೆಯಲ್ಲಿ ಸೈಡ್‌ಸ್ಲಿಪ್ (ಪಕ್ಕಕ್ಕೆ ಜಾರುವಿಕೆ) ಗುರುತು ನೀಲಿಗೆ ತಿರುಗುತ್ತದೆ, ಅದೇ ಬೀಟಾ ಟಾರ್ಗೆಟ್. ಅದು ನಡುವಿಗೆ ಬರುವಷ್ಟು ರಡ್ಡರ್ ಕೊಡಬೇಕು. 400 ಅಡಿವರೆಗೆ ಗೇರ್ ಎತ್ತುವುದು, ಎಚ್ಚರಿಕೆ ಗಂಟೆ ನಿಲ್ಲಿಸುವುದು ಬಿಟ್ಟರೆ ಬೇರೇನೂ ಮುಟ್ಟುವಂತಿಲ್ಲ. ಎಡವುವವರು ಎಡವುವುದು ಎರಡು ಕಡೆ. ಕಾಲಿನ ಕೆಲಸವನ್ನು ಕೈಯಲ್ಲಿ ಹಿಡಿಯುವ ಸೈಡ್‌ಸ್ಟಿಕ್‌ನಿಂದ ಮಾಡಲು ಹೋಗುತ್ತಾರೆ, ಆಗ ಒಂದು ರೆಕ್ಕೆಯ ಸ್ಪಾಯ್ಲರ್ ಫಲಕ ಮೇಲೆದ್ದು ಡ್ರ್ಯಾಗ್ (ಗಾಳಿಯ ತಡೆ) ಹೆಚ್ಚುತ್ತದೆ, ಏರುವ ಶಕ್ತಿ ಕುಂದುತ್ತದೆ. ಇಲ್ಲವೇ 200 ಅಡಿಯಲ್ಲೇ ಇಕ್ಯಾಮ್ ಓದಲು ಶುರುಮಾಡಿ ವಿಮಾನ ಹಾರಿಸುವುದನ್ನು ಮರೆಯುತ್ತಾರೆ. ಮೊದಲು ಹಾರಿಸು, ಆಮೇಲೆ ದಾರಿ, ಆಮೇಲೆ ಮಾತು ಎಂಬ ಏರ್‌ಬಸ್‌ನ ಸುವರ್ಣ ನಿಯಮ ಮೈಗೆ ಇಳಿಯುವುದು ಈ ಒಂದು ಪಾಠದಲ್ಲಿ.

ಇಳಿಯುವಾಗಿನ ಕಷ್ಟ ಬೇರೆ ಥರದ್ದು. 50 ಅಡಿಗೆ ಕಂಪ್ಯೂಟರ್ ಆಗಿನ ಮೂಗಿನ ಕೋನವನ್ನು ನೆನಪಿಟ್ಟುಕೊಳ್ಳುತ್ತದೆ. 30 ಅಡಿಯಿಂದ ಕೆಳಗೆ ಮೂಗನ್ನು 8 ಸೆಕೆಂಡಿನಲ್ಲಿ 2 ಡಿಗ್ರಿ ಕೆಳಮುಖಕ್ಕೆ ಒಯ್ಯಲು ತೊಡಗುತ್ತದೆ. ಪೈಲಟ್ ತಾನಾಗಿ ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಫ್ಲೇರ್ ಮಾಡಲಿ (ನೆಲ ತಾಗುವ ಮುನ್ನ ಮೂಗೆತ್ತಲಿ) ಎಂದೇ ಈ ಏರ್ಪಾಡು. 20 ಅಡಿಗೆ 'ರಿಟಾರ್ಡ್' ಎಂಬ ದನಿ ಬರುತ್ತದೆ, ಥ್ರಸ್ಟ್ ಲಿವರ್ (ಎಂಜಿನ್ ಶಕ್ತಿಯ ಹಿಡಿಕೆ) ಐಡಲ್‌ಗೆ ತರಬೇಕು. ಆಟೋಥ್ರಸ್ಟ್ ಇರುವಾಗ ಲಿವರ್ ತಾನಾಗಿ ಅಲುಗಾಡುವುದಿಲ್ಲವಾದ್ದರಿಂದ ಎಂಜಿನ್ ಏನು ಮಾಡುತ್ತಿದೆ ಎಂಬುದು ಕೈಗೆ ತಿಳಿಯದು, ಕಣ್ಣಿನಿಂದಲೇ ಓದಬೇಕು. ಇನ್ನೊಂದು ರೋಗ ಸೈಡ್‌ಸ್ಟಿಕ್ಕನ್ನು ಮಜ್ಜಿಗೆ ಕಡೆದಂತೆ ಕಡೆಯುವುದು. ಚಿಕ್ಕದಾಗಿ ಒತ್ತಿ ಬಿಡಬೇಕು, ವಿಮಾನ ತಾನೇ ಆ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ನಂಬಲು ನಾಲ್ಕೈದು ಸೆಷನ್ ಬೇಕಾಗುತ್ತದೆ.

ಮೆಮೊರಿ ಐಟಮ್‌ಗಳು, ಅಂದರೆ ಪುಸ್ತಕ ನೋಡದೆ ಮಾಡಬೇಕಾದ ತುರ್ತು ಕ್ರಮಗಳು, ನಿದ್ದೆಯಲ್ಲೂ ಬರಬೇಕು. ವೇಗದ ಮಾಪಕ ನಂಬಲಾಗದ ಸ್ಥಿತಿಯಲ್ಲಿ ಆಟೋಪೈಲಟ್, ಫ್ಲೈಟ್ ಡೈರೆಕ್ಟರ್, ಆಟೋಥ್ರಸ್ಟ್ ಮೂರನ್ನೂ ಆರಿಸಿ, ಥ್ರಸ್ಟ್ ತಗ್ಗಿಸುವ ಎತ್ತರಕ್ಕಿಂತ ಕೆಳಗಿದ್ದರೆ ಮೂಗು 15 ಡಿಗ್ರಿ ಮತ್ತು ಟೋಗಾ (ಟೇಕಾಫ್‌ನ ಪೂರ್ಣ ಶಕ್ತಿ). ಅಲ್ಲಿಂದ ಮೇಲೆ ಫ್ಲೈಟ್ ಲೆವೆಲ್ 100ರವರೆಗೆ (ಸುಮಾರು 10,000 ಅಡಿ) 10 ಡಿಗ್ರಿ ಮತ್ತು ಕ್ಲೈಂಬ್ (ಏರುವಾಗಿನ ಶಕ್ತಿ). ಅದಕ್ಕೂ ಮೇಲೆ 5 ಡಿಗ್ರಿ ಮತ್ತು ಕ್ಲೈಂಬ್. ಏರ್‌ಲೈನ್ ಇಂಟರ್‌ವ್ಯೂನಲ್ಲಿ ರೇಟಿಂಗ್ ಇರುವವರಿಗೆ ಕೇಳಿಯೇ ಕೇಳುವಂಥ ಪ್ರಶ್ನೆ ಇದು. ರೇಟಿಂಗ್ ಪಡೆದು ಒಂದು ವರ್ಷವಾದವರು ತೊದಲುವುದೂ ಇಲ್ಲೇ.

ಕೇಂದ್ರಗಳ ನಡುವೆ ನಿಜವಾದ ವ್ಯತ್ಯಾಸ ಮಾಡುವುದು ಕಟ್ಟಡವಲ್ಲ, ಇನ್‌ಸ್ಟ್ರಕ್ಟರ್ ಮತ್ತು ಜೋಡಿ. ಇಡೀ ಕೋರ್ಸಿಗೆ ಒಬ್ಬರೋ ಇಬ್ಬರೋ ಇನ್‌ಸ್ಟ್ರಕ್ಟರ್ ಇದ್ದರೆ ಕಲಿಕೆ ಕಟ್ಟಿಕೊಂಡು ಹೋಗುತ್ತದೆ. ಸೆಷನ್ನಿಗೊಬ್ಬರು ಬಂದರೆ ಪ್ರತಿಯೊಬ್ಬರೂ ತಮ್ಮ ಏರ್‌ಲೈನಿನ ಕಾಲ್‌ಔಟ್ (ಕಾಕ್‌ಪಿಟ್‌ನಲ್ಲಿ ಗಟ್ಟಿಯಾಗಿ ಕೂಗುವ ಮಾತು) ಹೇಳಿಕೊಡುತ್ತಾರೆ, ವಿದ್ಯಾರ್ಥಿ ಗೊಂದಲಕ್ಕೆ ಬೀಳುತ್ತಾನೆ. ಜೊತೆಗಾರ ಅರ್ಧದಲ್ಲಿ ಬಿಟ್ಟರೆ ಆ ಸೀಟಿಗೆ ಯಾರನ್ನು ಕೂರಿಸುತ್ತಾರೆ, ಅದರ ಖರ್ಚು ಯಾರದು? ಇದಕ್ಕೆ ಉತ್ತರ ಬರಹದಲ್ಲಿ ಇರಬೇಕು. ಸಿಮ್ ಸ್ಲಾಟ್ ರಾತ್ರಿ ಎರಡಕ್ಕೋ ಮೂರಕ್ಕೋ ಸಿಗುವುದು ಮಾಮೂಲು, ಏಕೆಂದರೆ ಹಗಲಿನ ಸ್ಲಾಟುಗಳನ್ನು ಏರ್‌ಲೈನ್‌ಗಳು ಮೊದಲೇ ಹಿಡಿದಿಟ್ಟಿರುತ್ತವೆ. ಅದಕ್ಕೆ ದೇಹವನ್ನು ಒಗ್ಗಿಸಿಕೊಳ್ಳಿ. ಮುಂದೆ ಕೆಲಸವೂ ಅದೇ ಹೊತ್ತಿನಲ್ಲಿ.

ಪ್ಯಾಕೇಜಿನಲ್ಲಿ ಎಲ್ಲರ ಕಣ್ತಪ್ಪಿಸುವ ಸಾಲು ಬೇಸ್ ಟ್ರೈನಿಂಗ್. ಸಿಮ್‌ನಲ್ಲಿ ಸ್ಕಿಲ್ ಟೆಸ್ಟ್ ಪಾಸಾದ ಮೇಲೆ ನಿಜವಾದ ಖಾಲಿ ವಿಮಾನದಲ್ಲಿ ಟೇಕಾಫ್, ಲ್ಯಾಂಡಿಂಗ್ ಮಾಡಬೇಕು; ಯೂರೋಪಿನ ಲೆಕ್ಕದಲ್ಲಿ ಹೊಸಬರಿಗೆ ಕನಿಷ್ಠ 6. ಇದಕ್ಕೆ ವಿಮಾನ ಬೇಕು, ವಿಮಾನ ಇರುವುದು ಏರ್‌ಲೈನ್ ಹತ್ತಿರ. ಕಡಿಮೆ ಬೆಲೆಯ ಪ್ಯಾಕೇಜುಗಳು ಸಾಮಾನ್ಯವಾಗಿ ಸಿಮ್‌ವರೆಗೆ ಮಾತ್ರ. ಉಳಿದದ್ದು ಕೆಲಸ ಸಿಕ್ಕ ಮೇಲೆ.

ಕೆಲಸ ಸಿಗುವವರೆಗೆ ಏನಾಗುತ್ತದೆ? 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಎಂಬ ರೀಸೆನ್ಸಿ (ಅಭ್ಯಾಸ ಬಿಡದಿರುವ ನಿಯಮ) ತಪ್ಪುತ್ತದೆ. ಪ್ರೊಫಿಶಿಯೆನ್ಸಿ ಚೆಕ್‌ಗೆ ಮತ್ತೆ ಸಿಮ್ ಬಾಡಿಗೆ, ಪರೀಕ್ಷಕರ ಶುಲ್ಕ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಮಾಪಕ ನೋಡಿಯೇ ಹಾರಿಸುವ ಅರ್ಹತೆ), ಕ್ಲಾಸ್ 1 ಮೆಡಿಕಲ್ ಎರಡನ್ನೂ ವರ್ಷಕ್ಕೊಮ್ಮೆ ನವೀಕರಿಸಬೇಕು. ಹೀಗೆ ಎರಡು ವರ್ಷ ಕಾದವರು ಮೊದಲು ಕೊಟ್ಟ ದುಡ್ಡಿನ ಜೊತೆಗೆ ಇನ್ನಷ್ಟು ಲಕ್ಷ ಕಟ್ಟಿರುತ್ತಾರೆ, ಕೈಯ ಹದ ಮಾತ್ರ ದಿನೇದಿನೇ ತಪ್ಪುತ್ತಿರುತ್ತದೆ. ನಮಗೆ ಅತಿ ನೋವು ಕೊಡುವುದು ಇದೇ, ಇಲ್ಲಿ ವಿದ್ಯಾರ್ಥಿಯ ತಪ್ಪು ಏನೂ ಇರುವುದಿಲ್ಲ.

ಮಾರುಕಟ್ಟೆಯ ಲೆಕ್ಕ ಹೀಗಿದೆ. 2023ರಲ್ಲಿ ಇಂಡಿಗೊ 500 ಎ320 ಕುಟುಂಬದ ವಿಮಾನಗಳಿಗೆ, ಏರ್ ಇಂಡಿಯಾ ಏರ್‌ಬಸ್, ಬೋಯಿಂಗ್ ಸೇರಿ 470ಕ್ಕೆ ಆರ್ಡರ್ ಕೊಟ್ಟವು. 2024ರ ಜನವರಿಯಲ್ಲಿ ಆಕಾಸ 150 ಬೋಯಿಂಗ್ 737 ಮ್ಯಾಕ್ಸ್‌ಗೆ ಕೊಟ್ಟಿತು. ಪೈಲಟ್ ಬೇಕು ಎಂಬುದು ನಿಜ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ಹೊಸ ನಿಯಮವೂ ಅಷ್ಟೇ ಹಾರಾಟಕ್ಕೆ ಹೆಚ್ಚು ಜನ ಬೇಡುತ್ತದೆ. ಆದರೆ ಆರ್ಡರ್ ಬೇರೆ, ರನ್‌ವೇ ಮೇಲೆ ನಿಂತ ವಿಮಾನ ಬೇರೆ. 2023ರ ಮೇ 3ರಂದು ಗೋ ಫಸ್ಟ್ ಹಾರಾಟ ನಿಂತಾಗ ಎ320 ಹಾರಿಸಿ ಅನುಭವವಿದ್ದ ಪೈಲಟ್‌ಗಳೇ ಸಾಲಿನಲ್ಲಿ ಬಂದು ನಿಂತರು. ಸಿಮ್ ಮಾತ್ರ ಮುಗಿಸಿದ 200 ಗಂಟೆಯ ಹುಡುಗ ಹುಡುಗಿಯರು ಅವರ ಹಿಂದೆ. ಇನ್ನೊಂದು ಮಾತು: ಎ320 ರೇಟಿಂಗ್ ಇದ್ದರೆ 737 ಮಾತ್ರ ಹಾರಿಸುವ ಆಕಾಸಕ್ಕಾಗಲಿ, ಇಂಡಿಗೊದ ಎಟಿಆರ್ ವಿಮಾನಗಳಿಗಾಗಲಿ ಅದು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ.

ಆಯ್ಕೆಯಲ್ಲಿ ಜನ ಉದುರುವುದು ಹೆಚ್ಚಾಗಿ ರೇಟಿಂಗ್‌ಗಿಂತ ಮುಂಚಿನ ಮೆಟ್ಟಿಲುಗಳಲ್ಲಿ. ನ್ಯಾವಿಗೇಷನ್, ಮೆಟೀರಿಯಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್ ಸೇರಿದ ಲಿಖಿತ ಪರೀಕ್ಷೆ; ಕಂಪ್ಯೂಟರ್ ಮುಂದೆ ಜಾಯ್‌ಸ್ಟಿಕ್ ಹಿಡಿದು ಒಂದು ಕಡೆ ಗುರಿ ಕಾಯುತ್ತ ಇನ್ನೊಂದು ಕಡೆ ಮನಗಣಿತ ಮಾಡುವ ಸೈಕೋಮೆಟ್ರಿಕ್ ಪರೀಕ್ಷೆ; ಗುಂಪು ಚಟುವಟಿಕೆ; ಇಂಟರ್‌ವ್ಯೂ. ಸಿಪಿಎಲ್ ಪೇಪರುಗಳನ್ನು 70 ಅಂಕಕ್ಕೆ ಪ್ರಶ್ನೆ ಬ್ಯಾಂಕ್ ಉರುಹೊಡೆದು ಪಾಸಾದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಟೈಪ್ ರೇಟಿಂಗ್ ಈ ಕೊರತೆಯನ್ನು ತುಂಬುವುದಿಲ್ಲ. ಆರು ತಿಂಗಳು ಕೂತು ಅದೇ ವಿಷಯಗಳನ್ನು ಎಟಿಪಿಎಲ್ (ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) ಮಟ್ಟಕ್ಕೆ ಓದಿದರೆ ಆಯ್ಕೆ ಪರೀಕ್ಷೆಯೂ ಹಗುರ, ಮುಂದೆ 1500 ಗಂಟೆ ತುಂಬಿದಾಗ ಎಟಿಪಿಎಲ್‌ಗೂ ದಾರಿ ಸಲೀಸು.

ಏರ್‌ಲೈನೇ ಆರಿಸಿ ತರಬೇತಿ ಕೊಡಿಸುವ ಕೆಡೆಟ್ ಕಾರ್ಯಕ್ರಮದ ಜೊತೆ ಹೋಲಿಸಿ ನೋಡುವವರಿಗೆ ಒಂದು ಮಾತು. ಅದು ಒಂದು ಕೋಟಿಯ ಆಸುಪಾಸಿಗೆ ಹೋಗುತ್ತದೆ. ಶುರುವಿನಲ್ಲೇ ಆಯ್ಕೆ ನಡೆದು, ಷರತ್ತಿನ ಮೇಲೆ ಕೆಲಸದ ಭರವಸೆ ಸಿಗುತ್ತದೆ. ಟೈಪ್ ರೇಟಿಂಗ್ ಮುಗಿದು ಲೈನ್ ಟ್ರೈನಿಂಗ್ ಶುರುವಾಗುವ ನಡುವಿನ ಅಂತರ ಚಿಕ್ಕದಾಗುವುದೇ ಅದರ ದೊಡ್ಡ ಲಾಭ. ಇನ್ನೂ ಪಿಯುಸಿಯಲ್ಲಿರುವವರಿಗೆ ನಾವು ಅದನ್ನೇ ಮೊದಲು ಪ್ರಯತ್ನಿಸಿ ಎನ್ನುತ್ತೇವೆ.

ಕೆಲಸ ಸಿಕ್ಕ ಮೇಲಿನ ದಾರಿ ಎಲ್ಲರಿಗೂ ಒಂದೇ: ಟ್ರೈನಿಂಗ್ ಕ್ಯಾಪ್ಟನ್ ಜೊತೆ ಪ್ರಯಾಣಿಕರಿರುವ ಲೈನ್ ಟ್ರೈನಿಂಗ್, ಮೊದಮೊದಲು ಹಿಂದಿನ ಸೀಟಿನಲ್ಲಿ ಸೇಫ್ಟಿ ಪೈಲಟ್, ಆಮೇಲೆ ಲೈನ್ ಚೆಕ್, ಜೂನಿಯರ್ ಫಸ್ಟ್ ಆಫೀಸರ್, ಫಸ್ಟ್ ಆಫೀಸರ್, ಎಟಿಪಿಎಲ್, ಕಮಾಂಡ್ (ಕ್ಯಾಪ್ಟನ್ ಸ್ಥಾನ). ನಡುವೆ ಏರ್‌ಲೈನ್ ಬದಲಿಸುವುದಾದರೆ 2017ರ ಡಿಜಿಸಿಎ ನಿಯಮದ ಪ್ರಕಾರ ಫಸ್ಟ್ ಆಫೀಸರ್‌ಗೆ 6 ತಿಂಗಳು, ಕ್ಯಾಪ್ಟನ್‌ಗೆ 1 ವರ್ಷ ನೋಟಿಸ್.

ಆಫರ್ ಲೆಟರ್ ಕೈಯಲ್ಲಿದ್ದು, ರೇಟಿಂಗ್ ಸ್ವಂತ ಖರ್ಚಿನಲ್ಲಿ ಮಾಡಿಕೊಂಡು ಬನ್ನಿ ಎಂದು ಏರ್‌ಲೈನೇ ಹೇಳಿದರೆ ಕಣ್ಮುಚ್ಚಿ ಸೇರಿ. ರೇಟಿಂಗ್ ಇರುವವರಿಗೆ ಮಾತ್ರ ಎಂಬ ನೇಮಕಾತಿ ಪ್ರಕಟಣೆ ಹೊರಟು, ಲಿಖಿತ ಪರೀಕ್ಷೆಯ ಓದು ಪಕ್ಕಾ ಇದ್ದರೆ ಆಗಲೂ ಸೇರಬಹುದು. ಬರೀ "ಹೈರಿಂಗ್ ಶುರುವಾಗುತ್ತದಂತೆ" ಎಂಬ ಮಾತಿಗೆ ಬೇಡ. ದುಡ್ಡು ಕಟ್ಟುವ ಮುಂಚೆ ಕೇಂದ್ರದವರಿಂದ ಬರೆಸಿಕೊಳ್ಳಬೇಕಾದ್ದು ಇಷ್ಟು: ಸಿಮ್ಯುಲೇಟರ್ ಮತ್ತು ಪರೀಕ್ಷಕರಿಗೆ ಡಿಜಿಸಿಎ ಒಪ್ಪಿಗೆ ಯಾವ ತಾರೀಖಿನವರೆಗೆ ಇದೆ, ಸೆಷನ್ ಎಷ್ಟು, ಸ್ಕಿಲ್ ಟೆಸ್ಟ್ ಶುಲ್ಕ ಮತ್ತು ತೆರಿಗೆ ಸೇರಿದೆಯೇ, ಹೆಚ್ಚುವರಿ ಸೆಷನ್ನಿಗೆ ಗಂಟೆಗೆ ಎಷ್ಟು, ಬೇಸ್ ಟ್ರೈನಿಂಗ್ ಇದೆಯೇ, ಬ್ಯಾಚ್ ಮುಂದೂಡಿದರೆ ದುಡ್ಡು ಎಷ್ಟು ದಿನದಲ್ಲಿ ವಾಪಸು. ಕಂತಿನಲ್ಲಿ ಕಟ್ಟಿ: ಗ್ರೌಂಡ್ ಸ್ಕೂಲಿಗೆ ಒಂದು, ಸಿಮ್ ತಾರೀಖು ನಿಗದಿಯಾದ ಮೇಲೆ ಒಂದು, ಸ್ಕಿಲ್ ಟೆಸ್ಟ್‌ಗೆ ಮುಂಚೆ ಕೊನೆಯದು. ಕೋರ್ಸ್ ಮುಗಿದ ದಿನವೇ ಪ್ರತಿ ಸೆಷನ್ನಿನ ಸಹಿ ಹಾಕಿದ ಟ್ರೈನಿಂಗ್ ಫೈಲಿನ ಪ್ರತಿ ತೆಗೆದುಕೊಂಡೇ ಅಲ್ಲಿಂದ ಹೊರಡಿ. ಆರು ತಿಂಗಳ ಮೇಲೆ ಒಂದು ಸಹಿ ಬಿಟ್ಟುಹೋಗಿದೆ ಎಂದು ಗೊತ್ತಾದಾಗ ಆ ಇನ್‌ಸ್ಟ್ರಕ್ಟರ್ ಬೇರೆ ಊರಿನಲ್ಲಿ, ಬೇರೆ ಕೆಲಸದಲ್ಲಿ ಇರಬಹುದು.