ವಿಚ್ಛೇದನದ ನಡುವೆ ಟೆಲಿ ಮನಸ್ ಸಹಾಯವಾಣಿ: ಬಳಸಿದವಳ ಅಭಿಪ್ರಾಯ

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ನಾನು ಕರೆ ಮಾಡಿದ್ದು, ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಸಲ್ಲಿಸಿ ತೀರ್ಥಹಳ್ಳಿ ಕಡೆಯ ತವರುಮನೆಯಲ್ಲಿ ಮಳೆಗಾಲ ಕಳೆಯುತ್ತಿದ್ದಾಗ. ಅರ್ಜಿ ಹಾಕಿದ ಮೇಲೂ ಕಾನೂನಿನಂತೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕಾಗುತ್ತದೆ. ಆ ಕಾಯುವಿಕೆಯಲ್ಲೇ ನನ್ನ ಮನಸ್ಸು ಕುಸಿದದ್ದು.

ನಮ್ಮ ಕಡೆ ಮನೋವೈದ್ಯರ ಕೊಠಡಿಯ ಮುಂದೆ ಕುಳಿತರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಆದ್ದರಿಂದಲೇ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದಾದ 14416 ಸಂಖ್ಯೆ ನನಗೆ ಮೊದಲ ಬಾಗಿಲಾಯಿತು. ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಅಡಿಕೆ ಅಂಗಳದ ತುದಿಯಲ್ಲಿ ಕೊಡೆ ಹಿಡಿದು ನಿಂತು ಮಾತನಾಡಿದೆ. ಆಪ್ತಸಮಾಲೋಚಕಿ ತಪ್ಪು ಯಾರದೆಂದು ಒಮ್ಮೆಯೂ ಕೇಳಲಿಲ್ಲ. ನಸುಕಿನಲ್ಲೇ ಎಚ್ಚರವಾಗುತ್ತದೆಯೇ, ಊಟ ಸೇರುತ್ತದೆಯೇ, ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವಾಗುತ್ತದೆಯೇ, ಇದೆಲ್ಲ ಎರಡು ವಾರಕ್ಕಿಂತ ಹೆಚ್ಚಾಯಿತೇ ಎಂದು ಕೇಳಿದರು. ಬಳಿಕ ದನಿ ತಗ್ಗಿಸದೆ, ಸುತ್ತುಬಳಸದೆ, "ಬದುಕೇ ಬೇಡ ಅನ್ನಿಸುತ್ತದೆಯೇ ಮೇಡಂ?" ಎಂದರು. ಹಾಗೆ ನೇರವಾಗಿ ಕೇಳಿದರೆ ಅಂಥ ಯೋಚನೆ ಬಲಿಯುತ್ತದೆ ಎಂಬುದು ತಪ್ಪು ನಂಬಿಕೆ. ಯಾರೂ ಕೇಳದ ಆ ಪ್ರಶ್ನೆಗೆ ಉತ್ತರಿಸಿದ ಮೇಲೆಯೇ ನಾನು ಉಳಿದದ್ದನ್ನೂ ಹೇಳಲು ಸಾಧ್ಯವಾಯಿತು.

ಆದರೆ ಇದು ಚಿಕಿತ್ಸೆಗೆ ಬದಲಿಯಲ್ಲ. ಪ್ರತಿ ಸಲವೂ ಅದೇ ವ್ಯಕ್ತಿ ಸಿಗುತ್ತಾರೆಂದು ಸಹಾಯವಾಣಿಯಿಂದ ನಿರೀಕ್ಷಿಸುವಂತಿಲ್ಲ. ಅದರ ನಿಜವಾದ ಉಪಯೋಗ ನಮ್ಮನ್ನು ವೈದ್ಯರವರೆಗೆ ತಲುಪಿಸುವುದರಲ್ಲಿದೆ. ನನಗೆ ಅವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗುವಂತೆ ಹೇಳಿದರು. ಅಷ್ಟು ದೂರ ಹೋಗಲಾಗದವರು ಮನೋಚೈತನ್ಯ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಂಗಳವಾರದ ಚಿಕಿತ್ಸಾಲಯದ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳೇ ಬೇಕು. ನಾಲ್ಕು ದಿನಕ್ಕೆ ಉಪಯೋಗವಿಲ್ಲವೆಂದು ಬಿಡುವುದಾಗಲಿ, ಸ್ವಲ್ಪ ಹಗುರವಾದೊಡನೆ ತಾವಾಗಿ ನಿಲ್ಲಿಸುವುದಾಗಲಿ ಸಲ್ಲದು.

ಮಾತ್ರೆ ತೆಗೆದುಕೊಂಡದ್ದು ಎದುರು ಪಕ್ಷದ ವಕೀಲರಿಗೆ ಅಸ್ತ್ರವಾಗುತ್ತದೆ ಎಂದು ನೆಂಟರು ಹೆದರಿಸಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಗುರುತಿಸಿದೆ. ಇಂಥ ಅಂಜಿಕೆಯಿಂದ ಚಿಕಿತ್ಸೆ ಮುಂದೂಡುವ ಬದಲು ವಕೀಲರನ್ನೇ ಕೇಳುವುದು ಲೇಸು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಈ ಸೇವೆಯನ್ನು ನೊಂದವರಷ್ಟೇ ಅಲ್ಲ, ಮನೆಯವರೂ ಬಳಸಬಹುದು. ಅಮ್ಮ ತಾನೇ ಕರೆ ಮಾಡಿ, ಮಗಳ ಜೊತೆ ಹೇಗಿರಬೇಕೆಂದು ಕೇಳಿದಳು. ಬುದ್ಧಿ ಹೇಳುವುದಕ್ಕಿಂತ ಕೇಳಿಸಿಕೊಳ್ಳಿ, ಬಂದವರ ಮುಂದೆ ಕೋರ್ಟಿನ ವಿಷಯ ತೆಗೆಯಬೇಡಿ ಎಂದು ಅವಳಿಗೆ ಹೇಳಿದರಂತೆ. ಅಂದಿನಿಂದ ನಮ್ಮ ಜಗಲಿಯಲ್ಲಿ ಕೋರ್ಟಿನ ಮಾತು ನಿಂತುಹೋಯಿತು. ಮಗಳೋ ಮಗನೋ ಇಂಥ ಸ್ಥಿತಿಯಲ್ಲಿ ಮನೆಗೆ ಮರಳಿದ್ದರೆ ಮೊದಲ ಕರೆಯನ್ನು ಹೆತ್ತವರೇ ಮಾಡಲಿ ಎಂಬುದು ನನ್ನ ಕೋರಿಕೆ.