ಬೆಲ್ಲ ಊರು ಸುತ್ತಿ ಬಂತು, ದುಡ್ಡು ಬರಲಿಲ್ಲ

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ಮಂಡ್ಯದ ನಮ್ಮ ಮನೆ ನಡುಮನೆಯಲ್ಲಿ 23 ರಟ್ಟಿನ ಡಬ್ಬಗಳು ಕೂತಿದ್ದವು. ಎಲ್ಲವೂ ನಾನೇ ಟೇಪ್ ಸುತ್ತಿ ಕೊರಿಯರ್‌ಗೆ ಕೊಟ್ಟವು. ಎಲ್ಲವೂ ವಾಪಸ್ ಬಂದವು. ಒಂದನ್ನು ಬಿಚ್ಚಿದೆ. ಅಚ್ಚು ಬೆಲ್ಲ ನೀರೊಡೆದು ಕಾಗದಕ್ಕೆ ಅಂಟಿಕೊಂಡಿತ್ತು. ಡಬ್ಬದ ತಳ ನೆಂದು ಕಂದು ಬಣ್ಣಕ್ಕೆ ತಿರುಗಿತ್ತು. ಮೂಲೆಯ ಸಂದಿಯಲ್ಲಿ ಇರುವೆ ಸಾಲು. ಮೇಲಿನ ಚೀಟಿಯಲ್ಲಿ ಕಾನ್ಪುರದ ವಿಳಾಸ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಬೆಲ್ಲ ಮಾರಕ್ಕೆ ಹೋದ್ಯೋ, ಬೆಲ್ಲಕ್ಕೆ ಊರು ತೋರ್ಸಕ್ಕೆ ಹೋದ್ಯೋ ಕಣವ್ವಾ?" ಅಂದರು. ನನಗೆ ನಗು ಬರಲಿಲ್ಲ. ಈಗ ಬರುತ್ತೆ.

ಆನ್‌ಲೈನ್ ಜಾಹೀರಾತು ಶುರು ಮಾಡಬೇಕು ಅಂತ ಇರುವವರು, ಅದರಲ್ಲೂ ಮನೆಯಿಂದ ಏನಾದರೂ ಮಾರುವ ಹೆಣ್ಣುಮಕ್ಕಳು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ನನಗೆ ಒಂದೇ ತಿಂಗಳಲ್ಲಿ ಮೂವತ್ತು ಸಾವಿರ ಚಿಲ್ಲರೆ ಹೋಯಿತು. ಅದರಲ್ಲಿ ಸ್ವಲ್ಪ ಬೇರೆಯವರು ಹೊಡೆದದ್ದು. ಜಾಸ್ತಿ ನಾನೇ ಕಳೆದದ್ದು.

ಪಾಂಡವಪುರದ ಹತ್ತಿರ ನಮ್ಮ ಭಾವನ ಆಲೆಮನೆ ಇದೆ. ಒಂದು ಜಿಲ್ಲೆ ಒಂದು ಉತ್ಪನ್ನ ಅನ್ನುವ ಸರ್ಕಾರಿ ಯೋಜನೆಯಲ್ಲೂ ಮಂಡ್ಯಕ್ಕೆ ಬೆಲ್ಲವೇ ಸಿಕ್ಕಿರುವುದು. ಆದರೆ ಮಂಡಿಯಲ್ಲಿ ಬಣ್ಣ ನೋಡಿ ರೇಟು. ಹೈಡ್ರೋಸ್ ಅನ್ನುವ, ಬಣ್ಣ ತಿಳಿ ಮಾಡುವ ರಾಸಾಯನಿಕ ಪುಡಿ ಹಾಕಿದರೆ ಹಳದಿ ಬೆಲ್ಲ, ಹಾಕದಿದ್ದರೆ ಕಪ್ಪು ಬೆಲ್ಲ. ಭಾವ ಬೆಂಡೆ ಗಿಡದ ಲೋಳೆಯಲ್ಲೇ ಕಬ್ಬಿನ ಹಾಲಿನ ಕೊಳೆ ತೆಗೆಯುವವರು, ಪುಡಿ ಗಿಡಿ ಮುಟ್ಟುವುದಿಲ್ಲ. ಅದಕ್ಕೇ ಮಂಡಿಯಲ್ಲಿ ಅವರ ಬೆಲ್ಲಕ್ಕೆ ಕಡಿಮೆ ರೇಟು. ಇದನ್ನು ನೇರವಾಗಿ ಊಟ ಮಾಡುವವರಿಗೇ ಮಾರಿದರೆ ಹೇಗೆ ಅನ್ನಿಸಿತು. ಅಲ್ಲಿಯವರೆಗೆ ಯೋಚನೆ ಸರಿಯಾಗೇ ಇತ್ತು.

ಆಮೇಲೆ ಮೈಸೂರಿನಲ್ಲಿ ಮೂರು ದಿನದ ಕೋರ್ಸ್. ಫೀಸು 5,000. ಹೆಸರು ಮೀಡಿಯಾ ಬೈಯಿಂಗ್. ದೊಡ್ಡ ಹೆಸರು ಅಷ್ಟೇ, ಜಾಹೀರಾತಿಗೆ ಜಾಗ ಕೊಳ್ಳುವುದು ಅಂತ ಅರ್ಥ. ಮೊದಲು ಪೇಪರಿನಲ್ಲಿ ಜಾಗ ಕೊಳ್ಳುತ್ತಿದ್ದರು, ಗೋಡೆ ಮೇಲೆ ಬರೆಸುತ್ತಿದ್ದರು, ಆಟೋಗೆ ಮೈಕ್ ಕಟ್ಟಿಸುತ್ತಿದ್ದರು. ಈಗ ಫೋನಿನಲ್ಲಿ ಜಾಗ ಹರಾಜಾಗುತ್ತೆ. ನೀವು ಫೇಸ್‌ಬುಕ್ ತೆಗೆದು ಬೆರಳು ಆಡಿಸುವಷ್ಟರಲ್ಲಿ ಆ ಜಾಗಕ್ಕೆ ಹರಾಜು ನಡೆದು ಮುಗಿದಿರುತ್ತೆ. ಬೆಲ್ಲದ ಮಂಡಿಯಲ್ಲೂ ಹರಾಜೇ. ಆದರೆ ಅಲ್ಲಿ ನಾವು ಮೂಟೆ ಪಕ್ಕ ನಿಂತಿರುತ್ತೇವೆ. ಇಲ್ಲಿ ನಾನು ಮನೆಯಲ್ಲೇ ಕೂತು, ದುಡ್ಡಿನ ಚೀಲವನ್ನು ಗುರುತಿಲ್ಲದವರ ಕೈಗೆ ಕೊಟ್ಟು ಕಳಿಸಿದೆ.

ಕೋರ್ಸಿನ ಮೂರನೇ ದಿನ ಅದನ್ನು ನಡೆಸುತ್ತಿದ್ದ ಏಜೆನ್ಸಿಯವರೇ ಹೇಳಿದರು: "ಮೇಡಂ, ಇದೆಲ್ಲಾ ನಿಮಗೆ ಕಷ್ಟ ಆಗುತ್ತೆ, ನಾವೇ ನಡೆಸಿಕೊಡ್ತೀವಿ." ತಿಂಗಳಿಗೆ ಸರ್ವಿಸ್ ಚಾರ್ಜ್ 8,000. ಜಾಹೀರಾತಿಗೆ ಬೇರೆ 20,000, ಅದೂ ಅವರ ಯುಪಿಐಗೇ. ಫೇಸ್‌ಬುಕ್ ಪೇಜ್ ಅವರೇ ಮಾಡಿದರು. ಆಡ್ ಅಕೌಂಟ್, ಅಂದರೆ ಜಾಹೀರಾತು ಹಾಕಿ ದುಡ್ಡು ಕಟ್ಟುವ ಖಾತೆ, ಅದು ಕೂಡ ಅವರದ್ದೇ. ನನಗೆ ಪೋಸ್ಟ್ ಹಾಕುವಷ್ಟು ಅನುಮತಿ ಕೊಟ್ಟರು. ನನ್ನ ಬೆಲ್ಲದ ಪೇಜಿಗೆ ನಾನೇ ನೆಂಟಳು. ಆಗ ಅದು ಸೌಲಭ್ಯ ಅನ್ನಿಸಿತ್ತು.

ಮೊದಲ ವಾರ ಫೋನ್ ಕೆಳಗೆ ಇಡಲು ಆಗಲಿಲ್ಲ. ದಿನಕ್ಕೆ ನಲವತ್ತು, ಐವತ್ತು ಮೆಸೇಜ್. ಎಲ್ಲರೂ ಒಂದೇ ಮಾತು: "ಹಲೋ, ಕ್ಯಾನ್ ಐ ಗೆಟ್ ಮೋರ್ ಇನ್ಫೋ ಆನ್ ದಿಸ್?" ಎಷ್ಟು ಜನ ಇಷ್ಟು ಒಳ್ಳೆ ಇಂಗ್ಲಿಷಿನಲ್ಲಿ ಬೆಲ್ಲ ಕೇಳುತ್ತಿದ್ದಾರೆ ಅಂತ ನಮ್ಮೆಜಮಾನರಿಗೆ ತೋರಿಸಿದ್ದೇ ತೋರಿಸಿದ್ದು. ಅದು ಅವರು ಬರೆದ ಮಾತೇ ಅಲ್ಲ ಅಂತ ತಿಳಿದದ್ದು ಎಷ್ಟೋ ದಿನದ ಮೇಲೆ. ಜಾಹೀರಾತಿನ ಬಟನ್ ಒತ್ತಿದರೆ ಆ ವಾಕ್ಯ ತಾನೇ ಬಂದು ಕೂತಿರುತ್ತೆ. ಇವರು ಕಳಿಸು ಅಂತ ಇನ್ನೊಂದು ಸಲ ಒತ್ತಿದರೆ ಸಾಕು. ಹೆಬ್ಬೆರಳು ಎರಡು ಸಲ ತಗಲಿದ್ದಕ್ಕೆ ನಾನು ಗಿರಾಕಿ ಅಂದುಕೊಂಡೆ. "ಎಷ್ಟು ಕೆಜಿ ಬೇಕು ಸರ್?" ಅಂತ ಕೇಳಿದರೆ ಹತ್ತಕ್ಕೆ ಒಂಬತ್ತು ಜನ ಉತ್ತರವನ್ನೇ ಕೊಡುತ್ತಿರಲಿಲ್ಲ.

ಏಜೆನ್ಸಿಯಿಂದ ವಾರ ವಾರ ಬಣ್ಣಬಣ್ಣದ ಪಿಡಿಎಫ್ ಬರುತ್ತಿತ್ತು. ಒಂದು ರಿಸಲ್ಟ್‌ಗೆ 16 ರೂಪಾಯಿ ಅಂತ ದಪ್ಪಕ್ಷರದಲ್ಲಿ. ಹದಿನಾರು ರೂಪಾಯಿಗೆ ಗಿರಾಕಿ! ಪುಕ್ಕಟೆ ಸಿಕ್ಕ ಹಾಗೆ ಅಲ್ವಾ? ರಿಸಲ್ಟ್ ಅಂದರೆ ಆರ್ಡರ್ ಅಲ್ಲ, ಆ ಹಲೋ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ನನ್ನ ಲೆಕ್ಕ ಹೇಳುತ್ತೇನೆ. ಇದನ್ನು ಯಾರಿಗಾದರೂ ಹೇಳಲು ಇನ್ನೂ ನಾಚಿಕೆ. ಎರಡು ಕೆಜಿ ಡಬ್ಬಕ್ಕೆ 349 ರೂಪಾಯಿ, ಡೆಲಿವರಿ ಉಚಿತ ಅಂತ ಹಾಕಿದ್ದೆ. ಭಾವನಿಗೆ ಬೆಲ್ಲದ್ದು 120. ರಟ್ಟು, ಟೇಪು, ಕಾಗದ 25. ಕೊರಿಯರ್ 110. ಮನೆ ಬಾಗಿಲಲ್ಲಿ ದುಡ್ಡು ವಸೂಲಿ ಮಾಡಿಕೊಡಲು ಕೊರಿಯರ್‌ನವರದ್ದೇ ಇನ್ನೂ 35. ಒಟ್ಟು 290. ಉಳಿದದ್ದು 59 ರೂಪಾಯಿ. ಅಂದರೆ ಒಂದು ಡಬ್ಬ ಮಾರಲು ಜಾಹೀರಾತಿಗೆ 59 ರೂಪಾಯಿಗಿಂತ ಒಂದು ಪೈಸೆ ಜಾಸ್ತಿ ಹೋದರೂ ಕೈಯಿಂದ ಕಟ್ಟಬೇಕು. ಈ ಲೆಕ್ಕ ಒಂದು ಚೀಟಿಯಲ್ಲಿ ಐದು ನಿಮಿಷದ ಕೆಲಸ. ಮೂರು ದಿನದ ಕೋರ್ಸಿನಲ್ಲಿ ಇದು ಒಂದು ಸಲವೂ ಬರಲಿಲ್ಲ. ಬ್ರ್ಯಾಂಡ್ ಬಿಲ್ಡಿಂಗ್ ಮಾತ್ರ ದಿನಾ ಬರುತ್ತಿತ್ತು.

ಆ ತಿಂಗಳು ಬಂದ ಹಲೋಗಳು 1,260. ಆರ್ಡರ್ 61. ದುಡ್ಡು ಕೊಟ್ಟು ತೆಗೆದುಕೊಂಡವರು 38 ಜನ. ಮಿಕ್ಕ 23 ಡಬ್ಬ ನಡುಮನೆಗೆ ಬಂತು ಅಂದೆನಲ್ಲ, ಅವಕ್ಕೆ ಹೋಗಿ ಬರುವ ಖರ್ಚು ಒಂದಕ್ಕೆ 200ರ ಹಾಗೆ 4,600. ಮಾರಿದ 38ರಲ್ಲಿ ಉಳಿದದ್ದು 2,242. ಮಿಕ್ಕದ್ದನ್ನು ನೀವೇ ಕೂಡಿಕೊಳ್ಳಿ.

ಅನುಮಾನ ಬಂದದ್ದು ನನಗಲ್ಲ, ನಮ್ಮಕ್ಕನ ಮಗನಿಗೆ. ರಜಕ್ಕೆ ಬಂದಿದ್ದ. "ಚಿಕ್ಕಮ್ಮ, ನಾಲ್ಕು ದಿನದಿಂದ ನಿಮಗೆ ಮೆಸೇಜೇ ಬಂದಿಲ್ಲ, ಆಡ್ ಓಡ್ತಾ ಇದೆಯಾ?" ಅಂದ. ಏಜೆನ್ಸಿಗೆ ಕೇಳಿದೆ. "ಓಡ್ತಾ ಇದೆ ಮೇಡಂ, ಮಾರ್ಕೆಟ್ ಸ್ವಲ್ಪ ಡಲ್" ಅಂತ ಉತ್ತರ ಬಂತು. ಹುಡುಗ ಫೋನಿನಲ್ಲಿ ಮೆಟಾ ಆಡ್ ಲೈಬ್ರರಿ ಅಂತ ಒಂದು ಪುಟ ತೆಗೆದ. ಮೆಟಾ ಅಂದರೆ ಫೇಸ್‌ಬುಕ್ ನಡೆಸುವ ಕಂಪನಿ. ಯಾವ ಪೇಜಿನಿಂದ ಸದ್ಯ ಯಾವ ಜಾಹೀರಾತು ಓಡುತ್ತಿದೆ, ಯಾವ ದಿನ ಶುರುವಾಯಿತು, ಎಲ್ಲಾ ಅಲ್ಲಿ ಕಾಣುತ್ತೆ. ದುಡ್ಡು ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ದೇಶ ಭಾರತ ಅಂತ ಇಟ್ಟು ಪೇಜಿನ ಹೆಸರು ಹೊಡೆದರೆ ಆಯಿತು. ನನ್ನ ಪೇಜಿನ ಹೆಸರು ಹೊಡೆದ. ಖಾಲಿ. ಒಂದು ಜಾಹೀರಾತೂ ಓಡುತ್ತಿರಲಿಲ್ಲ. ಗೂಗಲ್ ಜಾಹೀರಾತಿಗೂ ಇಂಥದ್ದೇ ಒಂದು ಇದೆ, ಆಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಅಂತ. ನಿಮ್ಮ ದುಡ್ಡು ಬೇರೆಯವರ ಕೈಯಲ್ಲಿದ್ದರೆ ಈ ಎರಡನ್ನೂ ಇವತ್ತೇ ತೆಗೆದು ನೋಡಿ. ನಾಳೆಗೆ ಇಡಬೇಡಿ.

ಮಾರನೇ ದಿನ ಬೆಳಗಿನ ರೈಲಿಗೆ ಮೈಸೂರಿನ ಏಜೆನ್ಸಿ ಆಫೀಸಿಗೆ ಹೋದೆ. ಅದರ ಮಾಲೀಕರು ಇರಲಿಲ್ಲ, ಅಥವಾ ಇಲ್ಲ ಅನ್ನಿಸಿಕೊಂಡರು. ಲ್ಯಾಪ್‌ಟಾಪ್ ಮುಂದೆ ಮದ್ದೂರಿನ ಕಡೆಯ ಒಬ್ಬ ಹುಡುಗ ಇದ್ದ. ನಮ್ಮ ಕಡೆ ಮಾತು ಕೇಳಿ ಅವನಿಗೂ ಬಿಗುಮಾನ ಬಿಟ್ಟಿತು. "ಅಕ್ಕ, ನೀವೇ ನೋಡಿ" ಅಂತ ತಿರುಗಿಸಿದ. ಖರ್ಚಾಗಿದ್ದು 11,340. ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿಸಿದರೂ 13,381. ನಾನು ಕೊಟ್ಟದ್ದು 20,000. ಮಿಕ್ಕ 6,619 ಎಲ್ಲಿ ಅಂದರೆ ಹುಡುಗ ನೆಲ ನೋಡಿದ. ಪಾಪ, ಅವನೇನು ಮಾಡುತ್ತಾನೆ. ಪಿಡಿಎಫ್‌ನ ಅಂಕಿಗಳು ಯಾವ ಸಿಸ್ಟಂನಿಂದಲೂ ಬಂದವಲ್ಲ, ಕೂತು ಟೈಪ್ ಮಾಡಿದ್ದು. ಒಂದು ಹಲೋಗೆ ನಿಜವಾಗಿ ಬಿದ್ದದ್ದು 9 ರೂಪಾಯಿ.

ಹಾಗಂತ ಅವರು ಕದಿಯದಿದ್ದರೆ ನಾನು ಗೆಲ್ಲುತ್ತಿದ್ದೆನಾ? ಇಲ್ಲ. ಆ 13,381ನ್ನು 38 ಡಬ್ಬಕ್ಕೆ ಹಂಚಿ. ಡಬ್ಬಕ್ಕೆ 352 ರೂಪಾಯಿ. ಬೆಲ್ಲದ ಬೆಲೆಯೇ 349! ರೈಲಿನಲ್ಲಿ ವಾಪಸ್ ಬರುವಾಗ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ನೋಡಿದೆ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಅವರ ಮೇಲಿನ ಸಿಟ್ಟು ಅರ್ಧ ನನ್ನ ಮೇಲೇ ತಿರುಗಿತ್ತು.

ಸೆಟ್ಟಿಂಗ್ ಹೇಗಿಟ್ಟಿದ್ದರು ಅಂತಲೂ ಆವತ್ತೇ ನೋಡಿದ್ದೆ. ಜಾಗ: ಇಡೀ ಭಾರತ. ವಯಸ್ಸು: 18ರಿಂದ 65ರ ಮೇಲೆ, ಎಲ್ಲರೂ. ಭಾಷೆ: ಖಾಲಿ. ಗುರಿ: ಜಾಸ್ತಿ ಮೆಸೇಜ್ ತರುವುದು. ಮೆಸೇಜ್ ಬೇಕು ಅಂದರೆ ಯಂತ್ರ ಮೆಸೇಜ್ ಒತ್ತುವ ಸ್ವಭಾವದವರನ್ನೇ ಹುಡುಕಿ ತರುತ್ತೆ. ಕೊಳ್ಳುವವರನ್ನು ತಾ ಅಂತ ನಾವು ಹೇಳಿಲ್ಲವಲ್ಲ. ಮಳೆಗಾಲದಲ್ಲಿ ಬೆಲ್ಲ ಕಾನ್ಪುರಕ್ಕೆ ಹೋಗಿ ಬಂದರೆ ಏನಾಗುತ್ತೆ ಅಂತ ಯಂತ್ರಕ್ಕೆ ಗೊತ್ತಿಲ್ಲ, ನನಗಾದರೂ ಗೊತ್ತಿರಬೇಕಿತ್ತು.

ಛಲಕ್ಕೆ ಬಿದ್ದು ಗೂಗಲ್‌ನಲ್ಲಿ ನಾನೇ 3,000 ಹಾಕಿ ನೋಡಿದೆ. ಅಲ್ಲೂ ಪಾಠ ಆಯಿತು, ಆದರೆ ಈ ಸಲ ಅಕೌಂಟ್ ನನ್ನದು, ಕಣ್ಣೂ ನನ್ನದು. ಬೆಲ್ಲ ಅನ್ನುವ ಪದವನ್ನು ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಅದಕ್ಕೆ ಸಂಬಂಧಪಟ್ಟ ಯಾವ ಹುಡುಕಾಟಕ್ಕೂ ಜಾಹೀರಾತು ತೋರಿಸುವ ಹಾಗೆ, ಸುಮ್ನೆ ಬಿಟ್ಟಿದ್ದೆ. ಜನ ನಿಜವಾಗಿ ಏನು ಹುಡುಕಿದಾಗ ನನ್ನ ಜಾಹೀರಾತು ಬಂತು ಅನ್ನುವ ಪಟ್ಟಿ ಇರುತ್ತೆ, ಸರ್ಚ್ ಟರ್ಮ್ಸ್ ಅಂತ. ತೆಗೆದು ನೋಡಿದರೆ "ಮಂಡ್ಯ ಬೆಲ್ಲ ಇವತ್ತಿನ ರೇಟ್", "ಶುಗರ್ ಇರುವವರು ಬೆಲ್ಲ ತಿನ್ನಬಹುದಾ". ರೇಟು ನೋಡುವ ರೈತರ ಕ್ಲಿಕ್ಕಿಗೆ ನಾನು ದುಡ್ಡು ಕಟ್ಟುತ್ತಿದ್ದೆ. ನಮ್ಮ ಭಾವನೇ ಒಂದು ಸಲ ಒತ್ತಿರಬೇಕು! ರೇಟ್, ಇವತ್ತಿನ ಅನ್ನುವ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಈ ಪದ ಇದ್ದರೆ ಜಾಹೀರಾತು ಬೇಡ ಅನ್ನುವ ಪಟ್ಟಿಗೆ, ಹಾಕಿದ ಮೇಲೆ ನಿಂತಿತು.

ಡಿಸ್‌ಪ್ಲೇ ನೆಟ್‌ವರ್ಕ್, ಅಂದರೆ ಬೇರೆ ವೆಬ್‌ಸೈಟ್, ಆಪ್‌ಗಳಲ್ಲೂ ತೋರಿಸು ಅನ್ನುವ ಟಿಕ್ ತೆಗೆಯುವುದೂ ಮರೆತಿದ್ದೆ. ಮಕ್ಕಳ ಗೇಮ್ ಆಪ್, ಟಾರ್ಚ್ ಆಪ್‌ಗಳಲ್ಲೆಲ್ಲಾ ನನ್ನ ಬೆಲ್ಲ ಮಿಂಚಿತ್ತು. ಬಲೂನ್ ಒಡೆಯುವ ಮಗು ಬೆಲ್ಲ ಕೊಳ್ಳುತ್ತಾ? ಇನ್ನೊಂದು, ಜಾಗದ ಸೆಟ್ಟಿಂಗ್. ಮೈಸೂರು ಅಂತ ಕೊಟ್ಟರೆ ಮೈಸೂರಿನಲ್ಲಿ ಇರುವವರಿಗೆ ಮಾತ್ರ ಅಲ್ಲ, ಮೈಸೂರಿನ ಬಗ್ಗೆ ಆಸಕ್ತಿ ಇರುವವರಿಗೂ ತೋರಿಸುವ ಆಯ್ಕೆ ಮೊದಲೇ ಒತ್ತಿರುತ್ತೆ. ದಸರಾ ನೋಡಲು ದೆಹಲಿಯಲ್ಲಿ ಕೂತು ಮೈಸೂರಿನ ರೂಮ್ ಹುಡುಕುವವರೂ ಅದರಲ್ಲಿ ಬರುತ್ತಾರೆ. ಇರುವವರಿಗೆ ಮಾತ್ರ ಅಂತ ಬದಲಿಸಿ. ದಿನಕ್ಕೆ 200 ಅಂತ ಇಟ್ಟಿದ್ದರೂ ಒಂದು ದಿನ 390 ಕಡಿಯಿತು. ಗಾಬರಿಯಾದೆ. ಆಮೇಲೆ ಓದಿದರೆ ನಿಯಮವೇ ಹಾಗಂತೆ. ಒಂದು ದಿನ ಎರಡರಷ್ಟರವರೆಗೂ ಹೋಗಬಹುದು, ತಿಂಗಳಲ್ಲಿ ಮಾತ್ರ ದಿನದ ಮೊತ್ತದ 30.4 ಪಟ್ಟು ದಾಟುವುದಿಲ್ಲ. ಪೂರ್ತಿ ತಿಂಗಳ ದುಡ್ಡು ಇಲ್ಲದವರು ಶುರುವಿನಲ್ಲೇ ಇದನ್ನು ಲೆಕ್ಕ ಹಾಕಿಕೊಳ್ಳಿ.

ಯಾರಿಗಾದರೂ ಕೆಲಸ ಒಪ್ಪಿಸಲೇಬೇಕು ಅಂದರೆ ಒಪ್ಪಿಸಿ, ತಪ್ಪಿಲ್ಲ. ಪ್ರಾಮಾಣಿಕವಾಗಿ ಮಾಡುವವರೂ ಇದ್ದಾರೆ. ಆದರೆ ಪೇಜ್, ಆಡ್ ಅಕೌಂಟ್ ಎರಡೂ ನಿಮ್ಮ ಹೆಸರಲ್ಲಿ ನೀವೇ ತೆರೆಯಿರಿ. ದುಡ್ಡು ನಿಮ್ಮ ಕಾರ್ಡಿನಿಂದ ಅಥವಾ ಯುಪಿಐನಿಂದ ನೇರ ಕಂಪನಿಗೆ ಹೋಗಲಿ. ಬಿಲ್ ನಿಮ್ಮ ಹೆಸರಿಗೆ ಬರಲಿ, ಜಿಎಸ್‌ಟಿ ನಂಬರ್ ಇದ್ದರೆ ಅದನ್ನೂ ಹಾಕಿಸಿ. ಏಜೆನ್ಸಿಗೆ ಕೆಲಸ ಮಾಡುವಷ್ಟು ಅನುಮತಿ ಕೊಟ್ಟರೆ ಸಾಕು. ಬೇಡ ಅಂದ ದಿನ ತೆಗೆಯಬಹುದು. ಪಾಸ್‌ವರ್ಡ್, ಓಟಿಪಿ ಯಾವ ಕಾರಣಕ್ಕೂ ಬೇಡ. ಮೆಟಾದಲ್ಲಿ ಅಕೌಂಟಿಗೆ ಒಟ್ಟು ಖರ್ಚಿನ ಮಿತಿ ಹಾಕಬಹುದು, ಮೊದಲ ದಿನವೇ ಹಾಕಿ. "ನಿಮ್ಮ ಅಕೌಂಟ್ ಕೊಟ್ಟರೆ ನಮಗೆ ಆಗಲ್ಲ ಮೇಡಂ" ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿ.

ಪೇಜ್ ಮಾಡಿದ ಮೇಲೆ ಇನ್ನೊಂದು ಕಾಟ ಶುರುವಾಗುತ್ತೆ. "ನಿಮ್ಮ ಪೇಜ್ 24 ಗಂಟೆಯಲ್ಲಿ ಬಂದ್ ಆಗುತ್ತೆ, ಈ ಲಿಂಕ್ ಒತ್ತಿ" ಅಂತ ಕಂಪನಿಯವರ ಹಾಗೆ ಮೆಸೇಜ್ ಬರುತ್ತೆ. ಕಳ್ಳರದ್ದು. ಒತ್ತಿ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾನು ಈಗ ದಿನಕ್ಕೆ 150 ರೂಪಾಯಿ ಹಾಕುತ್ತೇನೆ. ಮಂಡ್ಯ, ಮೈಸೂರು, ಬೆಂಗಳೂರು, ಅಷ್ಟೇ. ಜಾಹೀರಾತು ಕನ್ನಡದಲ್ಲಿ. ಎರಡು ಕೆಜಿ ಡಬ್ಬ ನಿಲ್ಲಿಸಿ ಐದು ಕೆಜಿ ಮಾಡಿದೆ, ದುಡ್ಡು ಮೊದಲೇ ಹಾಕಿದವರಿಗೆ ಮಾತ್ರ. ಆರ್ಡರ್ ಕಡಿಮೆ. ಕೆಲವು ವಾರ ಸೊನ್ನೆ. ಆದರೆ ಮೈಸೂರಿನ ವಿಜಯನಗರದ ಒಬ್ಬರು ಮೂರನೇ ಸಲ ತರಿಸಿಕೊಂಡರು, ಅದಕ್ಕೆ ಜಾಹೀರಾತಿನ ಖರ್ಚೇ ಇಲ್ಲ. ನೀರೊಡೆದ ಆ 23 ಡಬ್ಬದ ಬೆಲ್ಲವನ್ನು ಅತ್ತೆ ಸ್ವಲ್ಪ ದನಗಳಿಗೆ ಹಾಕಿದರು.

ಹಳೇ ಪೇಜ್ ವಾಪಸ್ ಕೇಳಿದ್ದೆ. ಬಾಕಿ 4,000 ಕಟ್ಟಿ ಅಂದರು. ಯಾವ ಬಾಕಿ ಅಂತ ಅವರಿಗೂ ಗೊತ್ತಿಲ್ಲ. ಬಿಟ್ಟೆ. ಮೊನ್ನೆ ಕುತೂಹಲಕ್ಕೆ ತೆಗೆದು ನೋಡಿದೆ. ನನ್ನ 3,100 ಫಾಲೋವರ್ಸ್ ಹಾಗೇ ಇದ್ದಾರೆ, ಕೊಪ್ಪರಿಗೆ ಪಕ್ಕ ಭಾವ ನಿಂತಿರುವ ಫೋಟೋನೂ ಕೆಳಗೆ ಹಾಗೇ ಇದೆ. ಪೇಜಿನ ಹೆಸರು ಮಾತ್ರ ಬೇರೆ. ಅಲ್ಲೀಗ ಯಾರೋ ಜೇನುತುಪ್ಪ ಮಾರುತ್ತಿದ್ದಾರೆ.