ಕ್ಯಾರಿಯರ್ ಚೀಲವೋ, ಫ್ರೇಮ್ ಚೀಲವೋ: ಒಂದೇ ಕಚ್ಚಾದಾರಿಯಲ್ಲಿ ನಾಲ್ಕು ಸಲ

ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆ ಮರಳುವ ಒಂದೇ ಸುತ್ತುದಾರಿಯಲ್ಲಿ, ಒಂದೇ ಸೈಕಲ್ಲಿನ ಮೇಲೆ, ಸುಮಾರು ಒಂದು ವರ್ಷದ ಅವಧಿಯಲ್ಲಿ ನಾನು ನಾಲ್ಕು ಬಾರಿ ಹೋಗಿಬಂದಿದ್ದೇನೆ. ದಾರಿಯ ಒಟ್ಟು ಉದ್ದ 112 ಕಿಲೋಮೀಟರ್. ಅದರಲ್ಲಿ ಡಾಂಬರು ಹತ್ತು ಕಿಲೋಮೀಟರನ್ನೂ ಮೀರುವುದಿಲ್ಲ, ಉಳಿದದ್ದೆಲ್ಲ ಜಲ್ಲಿ, ಗಾಡಿಜಾಡು, ಬೇರುಗಳು ಎದ್ದು ನಿಂತ ಕಾಲುದಾರಿ ಮತ್ತು ಇಳಿದು ತಳ್ಳದೆ ಬೇರೆ ಗತಿಯಿಲ್ಲದ ಎರಡು ಏರುಗಳು. ಸೈಕಲ್ಲು ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 29 ಇಂಚಿನ ಚಕ್ರದ ಸಾಧಾರಣ ಮೌಂಟನ್ ಬೈಕು. ಪ್ರತಿ ಸಲವೂ ಸಾಮಾನಿನಲ್ಲಿ ಕೆಲವನ್ನು ಬದಲಿಸಿ, ಅದರ ಪರಿಣಾಮವನ್ನು ಆ ರಾತ್ರಿಯೇ ಬರೆದಿಟ್ಟುಕೊಂಡೆ.

ಹಿಂದೆ ವಾಹನ ಬರುವುದಿಲ್ಲ, ಮುಂದೆ ಯಾರೂ ಸಾಮಾನು ತಲುಪಿಸಿರುವುದಿಲ್ಲ, ಕೆಟ್ಟದ್ದನ್ನು ಚೀಲದಲ್ಲಿ ಇರುವುದರಿಂದಲೇ ಸರಿಮಾಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹೊರಡುವವರಿಗೆ ತಕ್ಕಡಿಯ ಲೆಕ್ಕ ಅಷ್ಟೇನೂ ನೆರವಾಗದು. ಇನ್ನೂರು ಗ್ರಾಂ ಉಳಿಯಿತೇ ಎನ್ನುವುದಕ್ಕಿಂತ, ಕತ್ತಲಾದ ಮೇಲೆ, ಕೈಯೆಲ್ಲ ಕೆಸರಾಗಿರುವಾಗ ಆ ವಸ್ತು ಕೈಕೊಟ್ಟರೆ ನಾನೊಬ್ಬನೇ ಅದನ್ನು ಸರಿಪಡಿಸಬಲ್ಲೆನೇ ಎಂಬುದನ್ನೇ ಇಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಮೊದಲ ಸಲ ಹಿಂಬದಿಯ ಕ್ಯಾರಿಯರಿಗೆ ಇಕ್ಕೆಲಗಳಲ್ಲಿ ಪ್ಯಾನಿಯರ್ ಚೀಲಗಳನ್ನು ತಗುಲಿಸಿಕೊಂಡು ಹೋದೆ. ಡಾಂಬರು ರಸ್ತೆಯ ಪ್ರವಾಸಗಳಿಗೆ ಕೊಂಡಿದ್ದ ಚೀಲಗಳು ಮನೆಯಲ್ಲಿದ್ದುದೇ ಅದಕ್ಕೆ ಕಾರಣ. ಅವುಗಳ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ: ಎರಡೂ ಸೇರಿ ನಲವತ್ತು ಲೀಟರ್ ಜಾಗ, ಮೇಲಿನಿಂದ ಪೂರ್ತಿ ತೆರೆಯುವ ಬಾಯಿ, ಸಂಜೆ ಟೆಂಟಿನ ಮುಂದೆ ಕುಳಿತು ಬೇಕಾದದ್ದನ್ನು ಕೈಹಾಕಿ ತೆಗೆಯುವ ಸುಖ. ಬೆಳಿಗ್ಗೆ ಎಲ್ಲವನ್ನೂ ತುಂಬಿ ಹೊರಡಲು ಐದು ನಿಮಿಷ ಸಾಕಾಯಿತು. ಜಲ್ಲಿ ರಸ್ತೆ ಇರುವವರೆಗೂ ಯಾವ ತಕರಾರೂ ಇರಲಿಲ್ಲ. ಕಲ್ಲಿನ ಇಳುಕಲು ಬಂದಾಗ ಕೊಕ್ಕೆಗಳು ಕಂಬಿಯ ಮೇಲೆ ಕುಣಿಯತೊಡಗಿದವು, 31ನೆಯ ಕಿಲೋಮೀಟರಿನಲ್ಲಿ ಹಿಂದಿನಿಂದ ಹೊಸದೊಂದು ಕಟಕಟ ಸದ್ದು ಸೇರಿಕೊಂಡಿತು. ಇಳಿದು ನೋಡಿದರೆ ಕ್ಯಾರಿಯರಿನ ಎಡಗಾಲನ್ನು ಫ್ರೇಮಿಗೆ ಹಿಡಿದಿದ್ದ ಬೋಲ್ಟು ಇಲ್ಲವೇ ಇಲ್ಲ. ಕಾಲು ಚಕ್ರದ ಕಡ್ಡಿಗಳಿಂದ ಒಂದು ಬೆರಳಿನಷ್ಟು ದೂರದಲ್ಲಿ ಓಲಾಡುತ್ತಿತ್ತು. ಬಾಟಲಿ ಹಿಡಿಕೆಯ ಬೋಲ್ಟೂ ಕ್ಯಾರಿಯರಿನ ಬೋಲ್ಟೂ ಸಾಮಾನ್ಯವಾಗಿ ಎಂ5, ಅಂದರೆ ಐದು ಮಿಲಿಮೀಟರ್ ದಪ್ಪದ, ಅಳತೆಯವೇ ಆಗಿರುವುದರಿಂದ, ಬಾಟಲಿ ಹಿಡಿಕೆಯಿಂದ ಒಂದನ್ನು ಬಿಚ್ಚಿ ಇಲ್ಲಿಗೆ ಹಾಕಿದೆ. ಉದ್ದ ಸ್ವಲ್ಪ ಕಡಿಮೆಯಾಗಿ ಮೂರ್ನಾಲ್ಕು ಸುತ್ತು ಮಾತ್ರ ಕಚ್ಚಿತಾದರೂ ಮನೆಯವರೆಗೆ ತಾಳಿತು.

ಬೋಲ್ಟಿನ ದೋಷ ನನ್ನ ಅಜಾಗ್ರತೆಯದು. ಎಳೆಗಳಿಗೆ ಅಂಟುದ್ರಾವಣದ ಒಂದು ಹನಿ ಹಾಕಿದ್ದರೆ ಅದು ಸಡಿಲುತ್ತಿರಲಿಲ್ಲ. ಪ್ಯಾನಿಯರುಗಳ ನಿಜವಾದ ಕೊರತೆ ಗೊತ್ತಾದದ್ದು ತಳ್ಳುವ ಏರಿನಲ್ಲಿ. ಸೈಕಲ್ಲಿನ ಪಕ್ಕದಲ್ಲಿ ನಡೆಯುವವನ ಕಾಲು ಎಲ್ಲಿ ಬೀಳಬೇಕೋ ಅಲ್ಲಿಯೇ ಚೀಲ ಇರುತ್ತದೆ. ಹೆಜ್ಜೆಹೆಜ್ಜೆಗೂ ಮೀನಖಂಡಕ್ಕೆ ಬಡಿಯುವ ಅದನ್ನು ತಪ್ಪಿಸಲು ಹ್ಯಾಂಡಲನ್ನು ತೋಳು ಚಾಚಿ ಹಿಡಿದು ಓರೆಯಾಗಿ ತಳ್ಳಿದ್ದರಿಂದ, ಎರಡು ಕಿಲೋಮೀಟರಿನ ಏರು ಮುಗಿಯುವಷ್ಟರಲ್ಲಿ ಕಾಲಿಗಿಂತ ಸೊಂಟ ಸೋತಿತ್ತು.

ಎರಡನೆಯ ಮತ್ತು ಮೂರನೆಯ ಸಲ ಹ್ಯಾಂಡಲಿಗೆ ಸುರುಳಿ ಚೀಲ, ಫ್ರೇಮಿನ ತ್ರಿಕೋನಕ್ಕೆ ಒಂದು ಚೀಲ, ಸೀಟಿನ ಕೆಳಗೆ ಹಿಂದಕ್ಕೆ ಚಾಚಿದ ಉದ್ದನೆಯ ಚೀಲ ಎಂಬ ಮೂರನ್ನು ಕಟ್ಟಿದೆ. ಕ್ಯಾರಿಯರ್ ಮತ್ತು ಪ್ಯಾನಿಯರುಗಳು ಖಾಲಿಯಿದ್ದಾಗಲೇ ಎರಡೂವರೆ ಕಿಲೋ ತೂಗುತ್ತಿದ್ದರೆ ಈ ಮೂರೂ ಸೇರಿ 1.3 ಕಿಲೋ ತೂಗಿದವು. ತೂಕಕ್ಕಿಂತ ಮುಖ್ಯವಾದದ್ದು, ಇವುಗಳಲ್ಲಿ ಸಡಿಲುವ ಬೋಲ್ಟೇ ಇಲ್ಲ. ಇರುವುದೆಲ್ಲ ಪಟ್ಟಿ ಮತ್ತು ವೆಲ್ಕ್ರೋ. ಪಟ್ಟಿ ಹರಿದರೆ ಇನ್ನೊಂದು ಪಟ್ಟಿ, ಅದೂ ಇಲ್ಲದಿದ್ದರೆ ಹಗ್ಗದ ತುಂಡು ಸಾಕು. ಭಾರವೆಲ್ಲ ಸೈಕಲ್ಲಿನ ಮಧ್ಯರೇಖೆಯಲ್ಲಿಯೇ ಇರುವುದರಿಂದ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅದೇ ಏರನ್ನು ಸೈಕಲ್ಲಿಗೆ ಮೈ ತಾಗಿಸಿಕೊಂಡೇ ತಳ್ಳಿದೆ.

ಆದರೆ ಈ ಪದ್ಧತಿ ತುಂಬುವವನಿಂದ ಶಿಸ್ತು ಬೇಡುತ್ತದೆ. ಸೀಟಿನ ಚೀಲದ ತುದಿಗೆ ಭಾರ ಹೋಯಿತೆಂದರೆ, ನಿಂತು ಪೆಡಲ್ ತುಳಿದಾಗಲೆಲ್ಲ ಅದು ನಾಯಿಬಾಲದಂತೆ ಅಲ್ಲಾಡುತ್ತದೆ. ಬಿಡಿಟ್ಯೂಬು, ಬದಲಿ ಬ್ಯಾಟರಿಯಂಥ ಗಟ್ಟಿ ವಸ್ತುಗಳನ್ನು ಸೀಟಿನ ಕಂಬಕ್ಕೆ ಒತ್ತಿ ತುಂಬಿ, ಬಟ್ಟೆಯನ್ನು ಬಾಲದ ಕಡೆಗೆ ತುರುಕಿ, ಹೊರಟ ಹತ್ತು ನಿಮಿಷಕ್ಕೆ ಒಮ್ಮೆ ನಿಂತು ಪಟ್ಟಿಗಳನ್ನು ಮತ್ತೆ ಬಿಗಿದ ಮೇಲೆ ಆ ಕಾಟ ನಿಂತಿತು. ವೆಲ್ಕ್ರೋ ಪಟ್ಟಿಯ ಕೆಳಗೆ ಕೆಸರು ಸೇರಿದರೆ ಅದು ಉಪ್ಪುಕಾಗದದಂತೆ ಬಣ್ಣವನ್ನು ತಿನ್ನುತ್ತದೆ. ಆ ಜಾಗಗಳಿಗೆ ಮೊದಲೇ ಟೇಪು ಸುತ್ತದೆ ಹೋದದ್ದರ ಗುರುತು ನನ್ನ ಫ್ರೇಮಿನ ಮೇಲೆ ಈಗಲೂ ಇದೆ. ತ್ರಿಕೋನದ ಚೀಲ ಬಾಟಲಿಗಳ ಜಾಗವನ್ನು ಕಬಳಿಸುವುದರಿಂದ ನೀರನ್ನು ಮುಂದಿನ ಫೋರ್ಕಿನ ಇಬ್ಬದಿಗೆ ಸಾಗಿಸಬೇಕಾಯಿತು. ರಾತ್ರಿ ಮಳೆಯಲ್ಲಿ ಒಂದು ಕಾಲುಚೀಲ ಬೇಕಾದಾಗ ಇಡೀ ಸುರುಳಿಯನ್ನು ಬಿಚ್ಚಬೇಕಾಗುವ ಪೀಡೆಯಂತೂ ಇದ್ದದ್ದೇ.

ನಾಲ್ಕನೆಯ ಸಲ ಮಧ್ಯಮ ಮಾರ್ಗವೊಂದನ್ನು ನೋಡಿದೆ: ಸೀಟಿನ ಚೀಲದ ಬದಲು ಪುಟ್ಟ ಕ್ಯಾರಿಯರು, ಅದರ ಇಕ್ಕೆಲಗಳಿಗೆ ಕೊಕ್ಕೆಯಿಲ್ಲದೆ ಪಟ್ಟಿಗಳಿಂದಲೇ ಬಿಗಿದ ಐದೈದು ಲೀಟರಿನ ಚೀಲಗಳು. ಅಲುಗಾಟವಿಲ್ಲ, ಕಾಲಿಗೆ ಬಡಿತವೂ ಇಲ್ಲ; ಕಡಿದಾದ ಇಳುಕಲಿನಲ್ಲಿ ಸೀಟಿನ ಹಿಂದಕ್ಕೆ ಸರಿಯಲು ಜಾಗವೂ ಉಳಿಯಿತು. ಗಿಡ್ಡ ಸವಾರರ ಸೈಕಲ್ಲಿನಲ್ಲಿ ಸೀಟಿಗೂ ಟಯರಿಗೂ ನಡುವೆ ಅಂತರ ಕಡಿಮೆಯಿರುವುದರಿಂದ ಸೀಟಿನ ಚೀಲ ಟಯರಿಗೆ ಉಜ್ಜುತ್ತದೆ; ಅಂಥವರಿಗೆ ನಾನು ಹಿಂಜರಿಯದೆ ಇದನ್ನೇ ಹೇಳುತ್ತೇನೆ. ಬೋಲ್ಟುಗಳು ಮರಳಿ ಬಂದವು ಎಂಬುದೊಂದೇ ಕೊರತೆ. ನನ್ನ ಮಟ್ಟಿಗೆ ಒರಟು ದಾರಿಗೆ ಫ್ರೇಮ್ ಚೀಲಗಳೇ ಮೇಲು.

ಟಯರಿನ ವಿಷಯದಲ್ಲಿ ತೀರ್ಪು ಅಷ್ಟು ಸಲೀಸಾಗಿ ಬರಲಿಲ್ಲ. ಟ್ಯೂಬ್ ಇರುವ ಟಯರಿಗೆ ಗಾಳಿ ಕಡಿಮೆ ತುಂಬಿದರೆ, ಕಲ್ಲಿಗೆ ಬಡಿದಾಗ ಟಯರು ರಿಮ್ಮಿನವರೆಗೆ ಕುಸಿದು ನಡುವೆ ಸಿಕ್ಕ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಅದಕ್ಕೆ ಹೆದರಿ ಮೊದಲ ಸಲ, ಗಾಳಿಯ ಒತ್ತಡದ ಅಳತೆಯಲ್ಲಿ, 34 ಪಿಎಸ್‌ಐ ತುಂಬಿದ್ದೆ. ಆದರೂ ಒಮ್ಮೆ ಕಚ್ಚಿತು, ಜೊತೆಗೆ ಆ ಗಡಸು ಟಯರು ಬೇರುಗಳ ಮೇಲೆ ಚೆಂಡಿನಂತೆ ಪುಟಿಯಿತು. ಎರಡನೆಯ ಸಲದಿಂದ, ಟ್ಯೂಬಿನ ಬದಲು ಒಳಗೆ ತೂತು ಮುಚ್ಚುವ ದ್ರಾವಣ ಇರುವ ಟ್ಯೂಬ್‌ಲೆಸ್‌ಗೆ ಬದಲಾಯಿಸಿ, ಮುಂದೆ 21, ಹಿಂದೆ 24 ಪಿಎಸ್‌ಐ ಇಟ್ಟೆ. ಸೈಕಲ್ಲು ಬೇರೆಯೇ ಆಯಿತೆಂದರೂ ಸಲ್ಲುತ್ತದೆ. ಒಳಗಿನ ಲ್ಯಾಟೆಕ್ಸ್ ದ್ರಾವಣ ಮುಳ್ಳಿನ ತೂತುಗಳನ್ನು ತಾನಾಗಿಯೇ ಮುಚ್ಚುತ್ತಿತ್ತು; ಎರಡು ಪಯಣಗಳಲ್ಲಿ ಪಂಪನ್ನು ಹೊರತೆಗೆಯಲೇ ಇಲ್ಲ.

ನಾಲ್ಕನೆಯ ಸಲ ಅದರ ಇನ್ನೊಂದು ಮುಖ ಕಂಡಿತು. ಈ ದ್ರಾವಣ ಹವೆಗೆ ತಕ್ಕಂತೆ ಕೆಲವೇ ತಿಂಗಳಲ್ಲಿ ಒಣಗುತ್ತದೆ. ನಾನು ಏಳು ತಿಂಗಳು ನೋಡಿರಲಿಲ್ಲ. ಚೂಪುಗಲ್ಲೊಂದು ಹಿಂದಿನ ಟಯರಿನ ಪಕ್ಕೆಯನ್ನು ಸೀಳಿದಾಗ ಒಳಗಿನಿಂದ ಬಂದದ್ದು ಗಾಳಿ ಮಾತ್ರ, ಹನಿ ದ್ರಾವಣವೂ ಇಲ್ಲ. ರಬ್ಬರಿನ ಬತ್ತಿಯನ್ನು ತೂರಿಸಿ ನೋಡಿದೆ. ಸೀಳು ದೊಡ್ಡದಾಗಿದ್ದರಿಂದ ಅದು ನಿಲ್ಲಲಿಲ್ಲ. ಇನ್ನು ಟ್ಯೂಬ್ ಹಾಕುವುದೊಂದೇ ದಾರಿ ಎಂದು ವಾಲ್ವಿನ ನಟ್ಟಿಗೆ ಕೈಹಾಕಿದರೆ, ಒಣಗಿದ ಲ್ಯಾಟೆಕ್ಸು ಅದನ್ನು ರಿಮ್ಮಿಗೆ ಬೆಸೆದುಬಿಟ್ಟಿತ್ತು. ಇಕ್ಕಳವಿಲ್ಲದಿದ್ದರೆ ಅಲ್ಲಿಯೇ ಮುಗಿಯುತ್ತಿತ್ತು. ಟಯರನ್ನು ಬಿಚ್ಚಿ ಒಳಗೆ ಬೆರಳಾಡಿಸಿದಾಗ ಚುರುಕ್ ಎಂದಿತು. ಹಿಂದಿನ ಪಯಣಗಳಲ್ಲಿ ಚುಚ್ಚಿ ಅಲ್ಲಿಯೇ ಮುರಿದು ಕುಳಿತ ಮುಳ್ಳಿನ ಮೊನೆಗಳು ಒಳಮೈಯಲ್ಲಿ ಅಲ್ಲಲ್ಲಿ ಹಾಗೆಯೇ ಇದ್ದವು. ದ್ರಾವಣ ಇರುವವರೆಗೆ ಅವು ನಿರುಪದ್ರವಿಗಳು. ಟ್ಯೂಬ್ ಹಾಕಿದ ಮರುಗಳಿಗೆ ಒಂದೊಂದೂ ಒಂದೊಂದು ಪಂಕ್ಚರು. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಹನ್ನೊಂದನ್ನು ಕಿತ್ತೆ, ಸೀಳಿಗೆ ಒಳಗಿನಿಂದ ಹಳೆಯ ಟಯರಿನ ತುಂಡೊಂದನ್ನು ಅಡ್ಡವಿಟ್ಟೆ, ಟ್ಯೂಬ್ ಹಾಕಿ ಗಾಳಿ ತುಂಬಿದೆ. ಒಟ್ಟು ನಲವತ್ತು ನಿಮಿಷ ಹಿಡಿಯಿತು.

ಇಷ್ಟಾದರೂ ನನ್ನ ಆಯ್ಕೆ ಟ್ಯೂಬ್‌ಲೆಸ್. ಆದರೆ ಅದರಿಂದ ಹೊರೆ ಇಳಿಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಟ್ಯೂಬಿನವನು ಟ್ಯೂಬು, ತ್ಯಾಪೆ, ಪಂಪು ಹೊತ್ತರೆ, ಟ್ಯೂಬ್‌ಲೆಸ್‌ನವನು ಅವೆಲ್ಲದರ ಜೊತೆಗೆ ಬತ್ತಿ, ಇಕ್ಕಳ ಮತ್ತು ಪುಟ್ಟ ಸೀಸೆಯಲ್ಲಿ ದ್ರಾವಣವನ್ನೂ ಹೊರಬೇಕು. ಹೊರಡುವ ಹಿಂದಿನ ವಾರ ಚಕ್ರವನ್ನು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುವ ಸದ್ದು ಕೇಳಬೇಕು.

ಮಲಗುವುದಕ್ಕೆ ಟೆಂಟು, ತಾಡಪಾಲು, ಮರಗಳ ನಡುವೆ ಕಟ್ಟುವ ಜೋಲಿ ಮೂರನ್ನೂ ಪರೀಕ್ಷಿಸಿದೆ. ತಾಡಪಾಲು ಅರ್ಧ ಕಿಲೋಗೂ ಕಡಿಮೆ ತೂಗುತ್ತದೆ, ಸೈಕಲ್ಲನ್ನೇ ಕಂಬವಾಗಿ ನಿಲ್ಲಿಸಿ ಕಟ್ಟಬಹುದು. ಆದರೆ ರಾತ್ರಿಯಿಡೀ ಸೊಳ್ಳೆಗಳೊಡನೆ ಮಾತುಕತೆ ನಡೆಸಬೇಕಾಯಿತು. ಜೋಲಿಯಲ್ಲಿ, ಪಟ್ಟಿಗಳು ಸುಮಾರು 30 ಡಿಗ್ರಿ ಕೋನದಲ್ಲಿ ಇಳಿಯುವಂತೆ ಕಟ್ಟಿ ಕರ್ಣರೇಖೆಯಲ್ಲಿ ಮಲಗಿದರೆ ಬೆನ್ನು ಆಶ್ಚರ್ಯವೆನಿಸುವಷ್ಟು ನೇರವಾಗಿರುತ್ತದೆ. ಚಳಿ ಬರುವುದು ಕೆಳಗಿನಿಂದ, ಏಕೆಂದರೆ ಮೈಭಾರಕ್ಕೆ ಅದುಮಿಹೋದ ಸ್ಲೀಪಿಂಗ್ ಬ್ಯಾಗಿನಲ್ಲಿ ಬೆಚ್ಚಗಿಡುವ ಗಾಳಿಯೇ ಉಳಿದಿರುವುದಿಲ್ಲ. ಫೋಮಿನ ಚಾಪೆ ಹಾಸಿಕೊಂಡೆ, ಅದು ಮೂರು ಸಲ ಜಾರಿತು. ಒಬ್ಬರ ಟೆಂಟು 1.3 ಕಿಲೋ, ನಿದ್ದೆ ಬಂದದ್ದು ಅದರಲ್ಲಿಯೇ, ಹಾಗಾಗಿ ಈ ವಿಷಯವನ್ನು ಬೆಳೆಸುವುದಿಲ್ಲ.

ನೀರಿಗೆ ಮಾತ್ರ ಒಂದನ್ನೇ ನೆಚ್ಚುವಂತಿಲ್ಲ. ಹಿಂಡಿ ಬಳಸುವ, 0.1 ಮೈಕ್ರಾನ್ ರಂಧ್ರಗಳ ಫಿಲ್ಟರು ಬ್ಯಾಕ್ಟೀರಿಯಾ ಮತ್ತು ಪ್ರೋಟೋಜೋವ ಎಂಬ ಏಕಕೋಶ ಜೀವಿಗಳನ್ನು ತಡೆಯುತ್ತದೆ, ನೀರು ಕೂಡಲೇ ಕುಡಿಯಲು ಸಿಗುತ್ತದೆ. ಆದರೆ ವೈರಸ್‌ಗಳು ಅದರ ಮೂಲಕ ನುಸುಳಬಲ್ಲವು, ಕದಡಿದ ನೀರಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಒಳಗೆ ನೀರು ಹೆಪ್ಪುಗಟ್ಟಿದರೆ ಕಣ್ಣಿಗೆ ಕಾಣದಂತೆ ಹಾಳಾಗುತ್ತದೆ. ಕ್ಲೋರಿನ್ ಡಯಾಕ್ಸೈಡ್ ಮಾತ್ರೆಗಳು ವೈರಸ್‌ಗಳನ್ನೂ ಕೊಲ್ಲುತ್ತವೆ, ಹಾಳಾಗುವ ಭಾಗವೇ ಅವುಗಳಲ್ಲಿಲ್ಲ. ಆದರೆ ಅರ್ಧ ಗಂಟೆ ಕಾಯಬೇಕು, ಕ್ರಿಪ್ಟೋಸ್ಪೊರಿಡಿಯಂ ಎಂಬ ಗಟ್ಟಿ ಜೀವಿಗೆ ನಾಲ್ಕು ಗಂಟೆಯೇ ಬೇಕು. ಬಾಯಾರಿದವನಿಗೆ ನಾಲ್ಕು ಗಂಟೆ ದೊಡ್ಡದು, ಮಲಗಿದವನಿಗೆ ಅಲ್ಲ. ಆದ್ದರಿಂದ ಹಗಲು ಬಟ್ಟೆಯಲ್ಲಿ ಸೋಸಿದ ನೀರನ್ನು ಫಿಲ್ಟರಿನಲ್ಲಿ ಹಿಂಡುತ್ತೇನೆ, ರಾತ್ರಿ ಎರಡು ಲೀಟರಿಗೆ ಮಾತ್ರೆ ಹಾಕಿ ಮಲಗುತ್ತೇನೆ. ನೀರು ಹರಿದುಬರುವ ಮೇಲ್ಗಡೆ ಜನವಸತಿ ಇರುವಲ್ಲಿ ಫಿಲ್ಟರಾದ ನೀರಿಗೂ ಮಾತ್ರೆ ಬೀಳುತ್ತದೆ.

ಒಲೆಯ ಬಗ್ಗೆ ಹೇಳುವುದು ಕಡಿಮೆ. ಗ್ಯಾಸಿನ ಒಲೆ ಒಂದು ಲೀಟರ್ ನೀರನ್ನು ನಾಲ್ಕೈದು ನಿಮಿಷದಲ್ಲಿ ಕುದಿಸಿತು, ಸ್ಪಿರಿಟ್ ಒಲೆ ಅದರ ದುಪ್ಪಟ್ಟಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಸ್ಪಿರಿಟ್ ಒಲೆಯಲ್ಲಿ ಕೆಡುವ ಭಾಗವಿಲ್ಲ, ಎಷ್ಟು ಉಳಿದಿದೆ ಎಂಬುದು ಸೀಸೆಯಲ್ಲೇ ಕಾಣುತ್ತದೆ. ಆದರೆ ಬಿಸಿಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ. ಆರಿದೆಯೆಂದು ಮತ್ತೆ ಸುರಿಯಲು ಹೋದವನ ಕೈ ಉಳಿಯದು, ಒಣ ಹುಲ್ಲಿನ ನಡುವೆ ಅದನ್ನು ನಾನು ಮತ್ತೆ ಹೊತ್ತಿಸುವುದಿಲ್ಲ. ಒಲೆಯನ್ನೇ ಒಯ್ಯದ ನಾಲ್ಕನೆಯ ಸಲ ಸಂಜೆ ಏನೂ ಕೊರತೆಯೆನಿಸಲಿಲ್ಲ, ಬೆಳಗಿನ ಐದೂವರೆಗೆ ಪಶ್ಚಾತ್ತಾಪವಾಯಿತು.

ವಿದ್ಯುತ್ತಿಗೆ ಮೂರನೆಯ ಸಲ ಗೆಳೆಯನೊಬ್ಬನ ಡೈನಮೋ ಹಬ್ಬಿನ, ಅಂದರೆ ತಿರುಗುವಾಗ ನಡುಗುಂಬದಲ್ಲೇ ವಿದ್ಯುತ್ ಹುಟ್ಟಿಸುವ, ಚಕ್ರವನ್ನು ಎರವಲು ತಂದಿದ್ದೆ. ಗಂಟೆಗೆ 15 ಕಿಲೋಮೀಟರಿನ ಆಸುಪಾಸಿನಲ್ಲಿ ಅದು 3 ವ್ಯಾಟ್ ಕೊಡುತ್ತದೆ. ಈ ದಾರಿಯಲ್ಲಿ ನನ್ನ ಸರಾಸರಿ ವೇಗವೇ 9. ತಳ್ಳುವ ಏರಿನಲ್ಲಿ 3. ದಿನವಿಡೀ ತುಳಿದು ಫೋನಿಗೆ ಸೇರಿದ್ದು ಶೇಕಡಾ 14. ವಾರಗಟ್ಟಲೆ ಜಲ್ಲಿ ರಸ್ತೆಯಲ್ಲಿ ಸಾಗುವವರಿಗೆ ಅದು ಸರಿ, ಎರಡು ದಿನಕ್ಕೆ 10,000 ಎಂಎಎಚ್ ಪವರ್ ಬ್ಯಾಂಕು ಧಾರಾಳ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಟ್ಟರೆ ಅದರಲ್ಲಿಯೂ ಉಳಿಯುತ್ತದೆ.

ಈಗ ಫ್ರೇಮ್ ಚೀಲದ ತಳದಲ್ಲಿ ಕಾಯಂ ಆಗಿ ಇರುವ ಪುಟ್ಟ ಡಬ್ಬಿಯಲ್ಲಿ ಚೈನಿನ ಎರಡು ಜೋಡುಕೊಂಡಿ, ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರೊಂದು, ಇಕ್ಕಳ, ಸೂಜಿ ಮತ್ತು ದಪ್ಪ ದಾರ, ಹಳೆಯ ಟಯರಿನ ತುಂಡು, ಬೇರೆಬೇರೆ ಉದ್ದದ ನಾಲ್ಕು ಎಂ5 ಬೋಲ್ಟುಗಳು ಇವೆ. ಪ್ಯಾನಿಯರುಗಳನ್ನು ಮಾರಿಲ್ಲ. ಮುಂದಿನ ತಿಂಗಳು ತಳ್ಳುವ ಏರೇ ಇಲ್ಲದ, ಬರಿಯ ಜಲ್ಲಿಯ ದಾರಿಯೊಂದನ್ನು ಗುರುತಿಸಿಕೊಂಡಿದ್ದೇನೆ. ಅದಕ್ಕಾಗಿ ನಿನ್ನೆ ಸಂಜೆ ಕ್ಯಾರಿಯರನ್ನು ಮರಳಿ ಕೂರಿಸಿ, ಪ್ರತಿ ಬೋಲ್ಟಿಗೂ ಅಂಟಿನ ಒಂದೊಂದು ಹನಿ ಹಾಕಿ ಬಿಗಿದಿದ್ದೇನೆ.